ಯಾರದೂ ಅಲ್ಲದ ಚಿತ್ರದ ಪಾಠಾಂತರಗಳು

ಜಾರ್ಜ್ ರೊಮೇರೊ ನಿರ್ದೇಶಿಸಿದ ‘ನೈಟ್ ಆಫ್ ದ ಲಿವಿಂಗ್ ಡೆಡ್’ 1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗ್‌ನಲ್ಲಿ ತೆರೆಕಂಡಾಗಲೇ ಅದರ ಹಕ್ಕು ಕೈತಪ್ಪಿತ್ತು. ಚಿತ್ರದ ಹಿಂದಿನ ಹೆಸರು ‘ನೈಟ್ ಆಫ್ ದ ಫ್ಲೆಶ್ ಈಟರ್ಸ್’. ಆ ಶೀರ್ಷಿಕೆಯ ಜೊತೆಗೇ ಕಾಪಿರೈಟ್ ಸೂಚನೆಯೂ ಇತ್ತು. ವಿತರಕರಾದ ವಾಲ್ಟರ್ ರೀಡ್ ಸಂಸ್ಥೆಯವರು ಹೆಸರು ಬದಲಿಸಿದಾಗ ಸೂಚನೆಯೂ ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನಂತೆ ಸೂಚನೆಯಿಲ್ಲದೆ ಪ್ರಕಟವಾದದ್ದು ಎಲ್ಲರ ಸ್ವತ್ತು. ಸುಮಾರು 1,14,000 ಡಾಲರ್ ಖರ್ಚಿನಲ್ಲಿ ಗೆಳೆಯರು ಸೇರಿ ಮಾಡಿದ ಚಿತ್ರ ಒಂದು ಸಾಲಿನ ಲೋಪದಿಂದ ಊರ ಬಾವಿಯಾಯಿತು.

ವಿಡಿಯೊ ಕ್ಯಾಸೆಟ್ ಬಂದ ಮೇಲೆ ಈ ಬಾವಿಗೆ ಕೊಡ ಇಳಿಸದವರಿಲ್ಲ. ಪ್ರಿಂಟೊಂದು ಸಿಕ್ಕಿದರೆ ಸಾಕು, ಯಾರ ಅನುಮತಿಯೂ ಬೇಡ. ಸವೆದ ಪ್ರಿಂಟಿನಿಂದ ಟೇಪು, ಟೇಪಿನಿಂದ ಮತ್ತೊಂದು ಟೇಪು, ಮುಂದೆ ಅಗ್ಗದ ಡಿವಿಡಿ. ಜೊಂಬಿ ಎಂಬ ಕಲ್ಪನೆ ಇಂದಿನ ರೂಪದಲ್ಲಿ ಜಗತ್ತಿಗೆಲ್ಲ ಹರಡಿದ್ದರಲ್ಲಿ ಈ ಬಿಟ್ಟಿ ಪ್ರತಿಗಳ ಪಾಲು ದೊಡ್ಡದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹರಡಿದ್ದು ಯಾವ ಚಿತ್ರ?

ಗ್ರಂಥಸಂಪಾದನೆಯ ತರಗತಿಯಲ್ಲಿ ಕೂತವರಿಗೆ ಈ ಪ್ರಶ್ನೆ ಹೊಸದಲ್ಲ. ಓಲೆಯಿಂದ ಓಲೆಗೆ ನಕಲಾಗುವಾಗ ಲಿಪಿಕಾರ ಅಕ್ಷರ ಬಿಡುತ್ತಾನೆ, ಸಾಲು ಹಾರಿಸುತ್ತಾನೆ. ಫಿಲ್ಮಿನಲ್ಲಿ ಮೊದಲು ಬಿಟ್ಟುಹೋಗುವುದು ನಡುವಣ ಬೂದುಬಣ್ಣ. ಪ್ರತಿ ನಕಲಿನಲ್ಲೂ ಬಿಳಿ ಇನ್ನಷ್ಟು ಬಿಳಿಯಾಗುತ್ತದೆ, ನೆರಳು ಮಸಿಯಾಗುತ್ತದೆ. ಈ ಚಿತ್ರದ ಬಹುಭಾಗ ನಡೆಯುವುದು ರಾತ್ರಿಯಲ್ಲಿ, ಹಲಗೆ ಬಡಿದು ಕಿಟಕಿ ಮುಚ್ಚಿದ ಮನೆಯೊಳಗೆ. ನಾಯಕ ಬೆನ್‌ನ ಪಾತ್ರದಲ್ಲಿರುವ ಡ್ವೇನ್ ಜೋನ್ಸ್ ಕಪ್ಪು ನಟ. ಅಗ್ಗದ ಪ್ರತಿಗಳಲ್ಲಿ ಎಲ್ಲಕ್ಕಿಂತ ಮೊದಲು ಅಳಿಸಿಹೋಗಿರುವುದು ಅವರ ಮುಖವೇ. ಬಿಳಿಯ ಪಾತ್ರಗಳ ಸಿಟ್ಟು, ಭಯ, ಹಟ ಹೇಗೋ ಕಾಣುತ್ತದೆ. ಬೆನ್‌ನದು ಬರೀ ಅಂಗಿ ಮತ್ತು ದನಿ. ಯಾರೂ ಬೇಕೆಂದು ಮಾಡಿದ್ದಲ್ಲ, ರಾಸಾಯನಿಕಕ್ಕೆ ಜಾತಿ ವರ್ಣ ಗೊತ್ತಿಲ್ಲ. ಆದರೂ ನೋಡುಗನ ಪಾಲಿಗೆ ಆದ ನಷ್ಟ ಅದೇ.

ಅಜ್ಞಾನದ ತಪ್ಪು ಒಂದು ಬಗೆಯಾದರೆ, ಬುದ್ಧಿಪೂರ್ವಕ ತಿದ್ದುವಿಕೆ ಇನ್ನೊಂದು. 1986ರಲ್ಲಿ ಹಾಲ್ ರೋಚ್ ಸ್ಟುಡಿಯೋಸ್ ಇಡೀ ಚಿತ್ರಕ್ಕೆ ಬಣ್ಣ ಬಳಿಯಿತು; ಹೆಣಗಳು ಹಸಿರಾದವು. ಅದನ್ನು ತಮಾಷೆಯೆಂದು ಬಿಟ್ಟುಬಿಡಬಹುದು. 1999ರಲ್ಲಿ ಬಂದ ಮೂವತ್ತನೇ ವರ್ಷದ ಆವೃತ್ತಿಯನ್ನು ಹಾಗೆ ಬಿಡಲಾಗದು. ಮೂಲ ಚಿತ್ರಕಥೆಯ ಸಹಲೇಖಕ ಜಾನ್ ರುಸ್ಸೊ ಅವರೇ ಹೊಸ ದೃಶ್ಯಗಳನ್ನು ಚಿತ್ರೀಕರಿಸಿ ಸೇರಿಸಿದರು, ಹೊಸ ಸಂಗೀತ ಹಾಕಿಸಿದರು, ಜಾಗ ಮಾಡಿಕೊಳ್ಳಲು ಹಳೆಯದನ್ನು ಕತ್ತರಿಸಿದರು. ಸ್ಮಶಾನದ ಮೊದಲ ಜೊಂಬಿಯಾದ ಬಿಲ್ ಹಿಂಜ್‌ಮನ್ ಅದೇ ವೇಷದಲ್ಲಿ ಮರಳಿ ಬಂದರು, ಮೂವತ್ತು ವರ್ಷ ಮುದುಕರಾಗಿ! ರೊಮೇರೊ ಇದರಲ್ಲಿ ಇರಲಿಲ್ಲ. ನಮ್ಮ ಸಂಪಾದಕರು ಇಂಥದ್ದನ್ನು ಪ್ರಕ್ಷಿಪ್ತ ಎನ್ನುತ್ತಾರೆ. ಕವಿಯ ಗೆಳೆಯನೇ ಸೇರಿಸಿದರೂ ಪ್ರಕ್ಷಿಪ್ತ ಪ್ರಕ್ಷಿಪ್ತವೇ. ಹಣ ಕೈಸೇರದ ಮೂಲ ತಂಡದ ಅಳಲು ನನಗೆ ಅರ್ಥವಾಗುತ್ತದೆ. ಹೊಸದಾಗಿ ಸೇರಿಸಿದ್ದಕ್ಕಾದರೂ ಕಾಪಿರೈಟ್ ಸಿಗುತ್ತದಲ್ಲ.

ಮೂಲ ನೆಗೆಟಿವ್ ಮಾತ್ರ ಅದೃಷ್ಟವಶಾತ್ ಉಳಿದಿತ್ತು. ಎಲೈಟ್ ಕಂಪನಿ 1994ರಲ್ಲಿ ಅದರಿಂದ ಲೇಸರ್‌ಡಿಸ್ಕ್ ತಂದಿತು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ ಮಾಡಿದ 4ಕೆ ಪುನರುದ್ಧಾರ 2016ರಲ್ಲಿ ಪ್ರದರ್ಶನಗೊಂಡು, 2018ರಲ್ಲಿ ಕ್ರೈಟೀರಿಯನ್ ಡಿಸ್ಕ್ ಆಗಿ ಬಂತು. ಜೊತೆಗೆ ‘ನೈಟ್ ಆಫ್ ಅನೂಬಿಸ್’ ಹೆಸರಿನ ಕಚ್ಚಾ ಸಂಕಲನವೂ ಇದೆ, ಕವಿಯ ಕರಡು ಸಿಕ್ಕಂತೆ. ಮಬ್ಬು ಪ್ರತಿಯೇ ಭಯಾನಕ, ಸ್ವಚ್ಛ ಮಾಡಿದರೆ ಭಯ ಹೋಗುತ್ತದೆ ಎನ್ನುವವರಿದ್ದಾರೆ. ನನಗೆ ಈ ವಾದ ಹಿಡಿಸಿಲ್ಲ. ಕೊನೆಯ ಐದು ನಿಮಿಷವನ್ನು ಎರಡೂ ಪ್ರತಿಗಳಲ್ಲಿ ನೋಡಿದರೆ ಸಾಕು.

ರಾತ್ರಿಯೆಲ್ಲ ಬದುಕುಳಿದ ಬೆನ್ ಬೆಳಿಗ್ಗೆ ಕಿಟಕಿಯ ಬಳಿ ಬರುತ್ತಾನೆ. ಜೊಂಬಿ ಬೇಟೆಗೆ ಬಂದ ಬಿಳಿಯರ ಗುಂಪು ಅವನನ್ನು ಹೆಣವೆಂದು ಬಗೆದು ಗುಂಡು ಹಾರಿಸುತ್ತದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಗಿತ್ತು. ಮಸಿಯಾದ ಪ್ರತಿಯಲ್ಲಿ ಕಿಟಕಿಯೊಳಗೆ ನಮಗೂ ಒಂದು ಕಪ್ಪು ಆಕಾರವಷ್ಟೇ ಕಾಣುತ್ತದೆ. ಗುಂಡು ಹಾರಿಸಿದವನದು ಸಹಜ ತಪ್ಪು ಎನಿಸಿಬಿಡುತ್ತದೆ. ಪುನರುದ್ಧಾರಗೊಂಡ ಪ್ರತಿಯಲ್ಲಿ ಅಲ್ಲಿರುವುದು ಮನುಷ್ಯನ ಮುಖ, ಎಚ್ಚರವಿರುವ ಕಣ್ಣು.

ಮುಂದಿನದು ಸ್ಥಿರಚಿತ್ರಗಳು. ಪತ್ರಿಕೆಯಲ್ಲಿ ಅಚ್ಚಾದ ಫೋಟೊಗಳಂತೆ ಒರಟು ಕಣಗಳ ಆ ಚಿತ್ರಗಳಲ್ಲಿ, ಕೊಕ್ಕೆ ಹಿಡಿದ ಗಂಡಸರು ಬೆನ್‌ನ ದೇಹವನ್ನು ಸೌದೆಯ ರಾಶಿಗೆ ಎಳೆದೊಯ್ಯುತ್ತಾರೆ. ಅಗ್ಗದ ಪ್ರತಿಯಲ್ಲಿ ಇಡೀ ಸಿನಿಮಾವೇ ಒರಟಾಗಿರುವುದರಿಂದ ಈ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ಮೂಲ ನೆಗೆಟಿವ್‌ನಿಂದ ಬಂದದ್ದರಲ್ಲಿ ತಟ್ಟನೆ ಗೊತ್ತಾಗುತ್ತದೆ: ಕಥೆ ಮುಗಿದು ಸುದ್ದಿ ಶುರುವಾಗಿದೆ. ಬೆಂಕಿ ಹೊತ್ತಿಕೊಂಡಾಗ ಮಾತ್ರ ಚಿತ್ರ ಮತ್ತೆ ಚಲಿಸುತ್ತದೆ.