ಹಗೇವು: ತುಮಕೂರು ಸೀಮೆಯ ನೆಲದಡಿಯ ಕಣಜ

ದವಸವನ್ನು ವರ್ಷಗಟ್ಟಲೆ ಕಾಪಿಡಲು ನೆಲದಲ್ಲಿ ತೋಡುವ ಗುಳಿ ಹಗೇವು. ಉತ್ತರ ಕರ್ನಾಟಕದಲ್ಲಿ ಇದು ಜೋಳಕ್ಕೆ, ಹಳೆಯ ಮೈಸೂರಿನ ಬಯಲುಸೀಮೆಯಲ್ಲಿ ಮುಖ್ಯವಾಗಿ ರಾಗಿಗೆ ಬಳಕೆಯಾಗುತ್ತಿತ್ತು. ತುಮಕೂರು, ಗುಬ್ಬಿ, ಕುಣಿಗಲ್ ಭಾಗದ ಮಳೆಯಾಶ್ರಿತ ಹಳ್ಳಿಗಳು ಬರಗಾಲ ಮತ್ತು ಬೆಲೆಯೇರಿಕೆಗೆ ಮಾಡಿಕೊಂಡಿದ್ದ ಸಿದ್ಧತೆಗಳಲ್ಲಿ ಇದಕ್ಕೆ ಮೊದಲ ಸ್ಥಾನ. ವರ್ಷದ ಊಟಕ್ಕೆ ಬೇಕಾದ ರಾಗಿ ಮನೆಯೊಳಗಿನ ಕಣಜ, ವಾಡೆ, ಗುಡಾಣಗಳಲ್ಲಿ ಇರುತ್ತಿತ್ತು. ಹಗೇವಿಗೆ ಇಳಿಯುತ್ತಿದ್ದುದು ಆ ವರ್ಷಕ್ಕೆ ಬೇಡವಾದದ್ದು, ಅಂದರೆ ಮಳೆ ಕೈಕೊಡಬಹುದಾದ ಮುಂದಿನ ವರ್ಷದ ಅನ್ನ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ರಾಗಿಯನ್ನು ಗುಳಿಯಲ್ಲಿಡುವ ಈ ಪದ್ಧತಿಯನ್ನು ದಾಖಲಿಸಿದ್ದಾನೆ.

ನಿರ್ಮಾಣ

ಜಾಗ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತಿತ್ತು. ಮಳೆನೀರು ನಿಲ್ಲದ ದಿಣ್ಣೆಯಾಗಬೇಕು, ಗೋಡೆ ಕುಸಿಯದ ಗಟ್ಟಿ ನೆಲವಾಗಬೇಕು, ಎಂಥ ಮಳೆಗಾಲದಲ್ಲೂ ತಳದಲ್ಲಿ ಒರತೆ ಕಾಣಬಾರದು. ಕೆರೆಯ ಹಿಂದಿನ ಗದ್ದೆಬಯಲು ಇದಕ್ಕೆ ಆಗದು. ಮನೆಯ ಹಜಾರ, ಅಂಗಳ, ಗುಡಿಯ ಮಗ್ಗುಲು, ಊರ ಮುಂದಿನ ಬಯಲು ಸಾಮಾನ್ಯವಾಗಿ ಆರಿಸುತ್ತಿದ್ದ ಜಾಗಗಳು. ಎಲ್ಲರ ಕಣ್ಣೆದುರಿಗಿರುವ ಬಯಲಿನಲ್ಲಿ ತೋಡಿದರೆ ಕಳ್ಳರ ಭಯ ಕಡಿಮೆ; ಅಂಗಳದಲ್ಲಿ ತೋಡಿದರೆ ಎಷ್ಟಿದೆ ಎಂಬ ಗುಟ್ಟು ಮನೆಯಲ್ಲೇ ಉಳಿಯುತ್ತದೆ.

ಬಾಯಿ ಒಬ್ಬ ಆಳು ಇಳಿಯುವಷ್ಟೇ. ಕೆಳಗೆ ಹೋದಂತೆ ಗುಳಿ ಗಡಿಗೆಯ ಹೊಟ್ಟೆಯಂತೆ ಅಗಲವಾಗುತ್ತದೆ. ಬಾಯಿ ಕಿರಿದಾದಷ್ಟೂ ಮುಚ್ಚಳ ಬಿಗಿಯಾಗುತ್ತದೆ, ನೀರೂ ಗಾಳಿಯೂ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಗೋಡೆಗೆ ಜೇಡಿಮಣ್ಣು, ಸಗಣಿಯ ಸಾರಣೆ ಮಾಡಿ, ಒಣಗಿದ ಮೇಲೆ ಒಳಗೆ ಸೌದೆ, ತರಗು ಉರಿಸಿ ಕಾಯಿಸುತ್ತಿದ್ದರು. ಇದರಿಂದ ಗೋಡೆಯ ಪಸೆ ಆರುತ್ತಿತ್ತು, ಗೆದ್ದಲೂ ದೂರವಾಗುತ್ತಿತ್ತು. ಗಾತ್ರ ಮನೆತನದ ಶಕ್ತಿಗೆ ತಕ್ಕಂತೆ ಇರುತ್ತಿತ್ತು. ಅದನ್ನು ಅಡಿಯಲ್ಲಿ ಹೇಳುವುದಕ್ಕಿಂತ ಹಿಡಿಯುವ ದವಸದ ಅಳತೆಯಾದ ಪಲ್ಲ, ಖಂಡುಗಗಳಲ್ಲಿ ಹೇಳುವುದೇ ವಾಡಿಕೆ.

ತುಂಬುವುದು, ತೆರೆಯುವುದು

ಸಂಕ್ರಾಂತಿಯ ಆಸುಪಾಸಿಗೆ ಕಣದ ಕೆಲಸ ಮುಗಿದು, ರಾಗಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಮೇಲೆ ತುಂಬುತ್ತಿದ್ದರು. ತಳಕ್ಕೂ ಸುತ್ತಲಿನ ಗೋಡೆಗೂ ಹುಲ್ಲಿನ ದಪ್ಪ ಪದರ. ಮೇಲೆ ಮತ್ತೆ ಹುಲ್ಲು, ಅದರ ಮೇಲೆ ಕಲ್ಲುಚಪ್ಪಡಿ, ಸಂದುಗಳಿಗೆ ಕೆಸರುಮಣ್ಣು, ಎಲ್ಲದರ ಮೇಲೆ ನೆಲದ ಮಟ್ಟಕ್ಕೆ ತುಳಿದ ಮಣ್ಣು. ಹಸಿಯಾಗಿ ಒಕ್ಕಿದ, ಅರೆ ಒಣಗಿದ ರಾಗಿಯನ್ನು ತುಂಬಿದರೆ ಇಡೀ ಗುಳಿ ಬಿಸಿಯೇರಿ ಹಾಳಾಗುತ್ತಿತ್ತು. ಹಗೇವಿನ ಸೋಲುಗಳಲ್ಲಿ ಬಹುಪಾಲು ಗುಳಿಯದಲ್ಲ, ಒಣಗಿಸುವ ಅವಸರದ್ದು ಎನ್ನಬಹುದು.

ಮುಚ್ಚಿದ ಗುಳಿಯಲ್ಲಿ ಕಾಳು ಉಸಿರಾಡುತ್ತಲೇ ಇರುತ್ತದೆ. ಇದ್ದ ಆಮ್ಲಜನಕ ಮೆಲ್ಲನೆ ಕರಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು, ಹುಪ್ಪಟೆ ಬದುಕುವುದಿಲ್ಲ. ರಾಗಿಯ ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಕಾಳುಗಳ ನಡುವಿನ ಸಂದೂ ಕಿರಿದು. ಹಾಗಾಗಿ ಅಕ್ಕಿ, ಜೋಳಗಳಿಗಿಂತ ಇದು ಹುಳುವಿಗೆ ಸುಲಭವಾಗಿ ತುತ್ತಾಗದು. ಹತ್ತು ವರ್ಷ ಮೀರಿದ ಹಗೇವಿನ ರಾಗಿಯನ್ನೂ ಉಂಡಿದ್ದಾರೆ. ಆದರೆ ಮೊಳಕೆಯ ಶಕ್ತಿ ಕುಂದುವುದರಿಂದ ಬಿತ್ತನೆಯ ರಾಗಿಯನ್ನು ಇದರಲ್ಲಿ ಇಡುತ್ತಿರಲಿಲ್ಲ.

ಹುಳುವನ್ನು ಕೊಲ್ಲುವ ಗಾಳಿಯೇ ಮನುಷ್ಯನನ್ನೂ ಕೊಲ್ಲುತ್ತದೆ. ಚಪ್ಪಡಿ ಸರಿಸಿದ ಕೂಡಲೇ ಯಾರೂ ಇಳಿಯಬಾರದು. ಬಾಯಿ ತೆರೆದು ಸಾಕಷ್ಟು ಹೊತ್ತು ಬಿಡುತ್ತಿದ್ದರು. ಆಮೇಲೆ ಹಗ್ಗದಲ್ಲಿ ಹಚ್ಚಿದ ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಮತ್ತೆ ಕಾಯಬೇಕು. ಉರಿದರೆ ಮಾತ್ರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬ ಇಳಿಯುತ್ತಿದ್ದ, ಹಗ್ಗದ ತುದಿ ಮೇಲೆ ನಿಂತವರ ಕೈಯಲ್ಲಿ. ಮೊದಲು ಬರುತ್ತಿದ್ದುದು ಗೋಡೆಗೆ ತಗುಲಿ ಕಪ್ಪಾದ, ಮುಗ್ಗಲು ಹಿಡಿದ ರಾಗಿ, ಅದು ದನಕ್ಕೆ. ನಡುವಿನ ಕಾಳು ವಾಸನೆ ಬಂದರೂ ಬಿಸಿಲಿಗೆ ಹಾಕಿದರೆ ಊಟಕ್ಕೆ ಬರುತ್ತಿತ್ತು. ಒಮ್ಮೆ ತೆರೆದ ಹಗೇವನ್ನು ಅರ್ಧಕ್ಕೆ ಬಿಡುವಂತಿರಲಿಲ್ಲ. ಹೀಗೆ ಒಮ್ಮೆಗೇ ಹೊರಬಂದ ರಾಗಿ ಮನೆಯ ಖರ್ಚಿಗೆ ಮಾತ್ರವಲ್ಲದೆ ಸಾಲವಾಗಿ, ಕೂಲಿಯಾಗಿ ಊರಿಗೂ ಹರಡುತ್ತಿತ್ತು.

ಧಾತು–ಈಶ್ವರ ಕ್ಷಾಮ

ಹಗೇವಿನ ಬಲವೂ ಮಿತಿಯೂ ಒಟ್ಟಿಗೇ ಗೊತ್ತಾದದ್ದು 1876–78ರ ಮಹಾಕ್ಷಾಮದಲ್ಲಿ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಜನ ಅದನ್ನು ಆ ಹೆಸರಿನಲ್ಲೇ ನೆನೆದರು. 1875ರ ಮಳೆ ಸಾಲಲಿಲ್ಲ, 1876ರ ಮಳೆ ಕೈಕೊಟ್ಟಿತು, 1877ರ ಮುಂಗಾರೂ ಬಹಳ ಕಾಲ ಕಾಯಿಸಿತು. ತುಮಕೂರು, ಕೋಲಾರ, ಬೆಂಗಳೂರು, ಚಿತ್ರದುರ್ಗದ ಬಯಲುಸೀಮೆಗೆ ಬಿದ್ದ ಪೆಟ್ಟು ಮಲೆನಾಡಿಗೆ ಬೀಳಲಿಲ್ಲ. 1871ರ ಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಸಾವಿನ ಜೊತೆ ವಲಸೆಯೂ ಇದರಲ್ಲಿ ಸೇರಿದೆ; ಹಸಿವಿಗೆ ಎಷ್ಟು ಮಂದಿ, ಹಸಿವಿನ ಬೆನ್ನಿಗೆ ಬಂದ ರೋಗಗಳಿಗೆ ಎಷ್ಟು ಮಂದಿ ಬಲಿಯಾದರು ಎಂದು ಬೇರ್ಪಡಿಸುವುದು ಕಷ್ಟ.

ಹಗೇವು ಆಗ ಏಕೆ ಸಾಲಲಿಲ್ಲ? ಮೊದಲನೆಯದಾಗಿ, ಅದು ಒಂದು ಕೆಟ್ಟ ವರ್ಷಕ್ಕೆ ಹೊಂದಿಸಿದ ಏರ್ಪಾಟು. ಹಿಂದಿನ ವರ್ಷವೇ ಮಿಗತೆ ಇಲ್ಲದಿದ್ದಾಗ ಗುಳಿ ತುಂಬುವುದಾದರೂ ಹೇಗೆ? ಎರಡನೆಯದು ಇನ್ನೂ ಮುಖ್ಯ: ಹಗೇವು ಇದ್ದದ್ದು ಹೊಲ ಇದ್ದವರಿಗೆ. ಕೂಲಿಯವನಿಗೆ, ನೇಯ್ಗೆಯವನಿಗೆ, ಜೀತದಾಳಿಗೆ ಬೇಕಾದದ್ದು ದಿನದ ಸೇರು ರಾಗಿ. ಬೆಳೆ ಇಲ್ಲದೆ ಕೂಲಿ ನಿಂತ ಹೊತ್ತಿಗೇ ರಾಗಿಯ ಧಾರಣೆ ಏರಿತು. ಊರಿನ ನೆಲದಡಿ ದವಸ ಇದ್ದರೂ ಅದನ್ನು ಕೊಳ್ಳುವ ಕಾಸು ಅವನಲ್ಲಿರಲಿಲ್ಲ. ಹಗೇವನ್ನು ಹಳ್ಳಿಯ ಸ್ವಾವಲಂಬನೆಯ ಗುರುತಾಗಿ ಮಾತ್ರ ಕೊಂಡಾಡುವ ಬರಹಗಳು ಈ ಮಾತನ್ನು ಬಿಟ್ಟುಬಿಡುತ್ತವೆ, ಬಿಡಬಾರದು.

ಹೊರಗಿನ ದವಸವೂ ಸಮಯಕ್ಕೆ ತಲುಪಲಿಲ್ಲ. ಜೋಲಾರ್‌ಪೇಟೆಯಿಂದ ಬಂದ ರೈಲು 1864ರಿಂದ ಬೆಂಗಳೂರಿನಲ್ಲೇ ನಿಂತಿತ್ತು. ಅಲ್ಲಿಂದ ತುಮಕೂರಿಗೆ, ಗುಬ್ಬಿಗೆ, ಕುಣಿಗಲ್ಲಿಗೆ ಎತ್ತಿನಗಾಡಿಯೇ ಗತಿ. ಮೇವು, ನೀರು ಇಲ್ಲದೆ ಎತ್ತುಗಳೇ ಸಾಯುತ್ತಿದ್ದಾಗ ಗಾಡಿ ಹೂಡುವವರು ಯಾರು?

ರೈಲು, ಜಲಾಶಯ, ಪಡಿತರ

ಕ್ಷಾಮದ ಪಾಠದಿಂದ ಮುನ್ನೆಚ್ಚರಿಕೆಯ ಹೊಣೆ ಮನೆಯ ಗುಳಿಯಿಂದ ಸರ್ಕಾರದ ಕೈಗೆ ಸರಿಯಿತು. 1881ರಲ್ಲಿ ಸಂಸ್ಥಾನ ಒಡೆಯರಿಗೆ ಮರಳಿದ ಮೇಲೆ ದಿವಾನ್ ರಂಗಾಚಾರ್ಲು ರೈಲನ್ನು ಬರದ ವಿರುದ್ಧದ ರಕ್ಷಣೆಯೆಂದೇ ಮುಂದಿಟ್ಟರು. ಅವರು 1883ರಲ್ಲಿ ತೀರಿಕೊಂಡರು. ಮರುವರ್ಷ ರೈಲು ತುಮಕೂರು ಮುಟ್ಟಿತು.

ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ ಇದೇ ಸಾಲಿನ ಮುಂದಿನ ಹೆಜ್ಜೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕೊಡುಗೆಯಾದ ಇದರ ಸಾಮರ್ಥ್ಯ ಸುಮಾರು 2.4 ಟಿಎಂಸಿ, ನೀರುಣ್ಣುವ ಜಮೀನು ಸುಮಾರು 15,000 ಎಕರೆ. ನೀರು ಪೂರ್ಣಮಟ್ಟ ಮೀರಿದಾಗ ಗೇಟು ಎತ್ತುವವರಿಲ್ಲದೆ ತಾನಾಗಿ ಹೊರಹರಿಸುವ ಸೈಫನ್ ವ್ಯವಸ್ಥೆಯಿಂದ ಇದು ಹೆಸರಾಗಿದೆ. ನಾಲೆ ಬಂದ ಕಡೆ ಭತ್ತ ಬಂತು, ನೆಲದ ತೇವ ಏರಿತು. ಇವೆರಡೂ ಹಗೇವಿಗೆ ಒಗ್ಗದವು.

ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿನ ಅಕ್ಕಿ ನಿಂತಾಗ, ಲೆವಿ ಮತ್ತು ರೇಷನ್ನು ಬಂದವು. ಆಮೇಲಿನ ಕಥೆ ನ್ಯಾಯಬೆಲೆ ಅಂಗಡಿಯದು. 2013ರ ಅನ್ನಭಾಗ್ಯ ಯೋಜನೆಯಿಂದ ಬಡವರ ಮನೆಗೆ ಅಕ್ಕಿ ಖಾತರಿಯಾಯಿತು. 1876ರಲ್ಲಿ ಹಗೇವು ತಲುಪದೆ ಹೋದವರನ್ನು ತಲುಪಿದ್ದು ಪಡಿತರವೇ. ಅದೂ ಮುಗ್ಗರಿಸಿದ್ದುಂಟು: 2023ರಲ್ಲಿ ಹೆಚ್ಚುವರಿ 5 ಕಿಲೋ ಅಕ್ಕಿ ಸಿಗದೆ ಸರ್ಕಾರ ತಲಾ 170 ರೂಪಾಯಿ ಕೊಡಬೇಕಾಯಿತು. ಅದೇ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾಗಿದ್ದವು. ರಾಗಿಯ ಬೆಂಬಲ ಬೆಲೆ ಮಾತ್ರ ಏರುತ್ತಲೇ ಬಂದಿದೆ. 2017–18ರಲ್ಲಿ ಕ್ವಿಂಟಲಿಗೆ 1,900 ರೂಪಾಯಿ ಇದ್ದದ್ದು 2025–26ಕ್ಕೆ 4,886 ರೂಪಾಯಿ. ಬೆಲೆ ಸಿಕ್ಕಾಗ ಕೊಯ್ಲಿನ ರಾಗಿ ನೇರ ಖರೀದಿ ಕೇಂದ್ರಕ್ಕೆ ಹೋಗುತ್ತದೆ, ಮನೆಯಲ್ಲಿ ಉಳಿಯುವುದು ಕಡಿಮೆ.

ಈಗಿನ ಸ್ಥಿತಿ

ಹೊಸದಾಗಿ ಹಗೇವು ತೋಡುವವರು ಈಗ ಇಲ್ಲವೆನ್ನುವಷ್ಟು ಕಡಿಮೆ. ಅದರ ತತ್ವ ಮಾತ್ರ ಬಿಗಿಮುಚ್ಚಳದ ಡ್ರಮ್ಮಿಗೂ ಗಾಳಿಯಾಡದ ಚೀಲಕ್ಕೂ ಹಾಗೆಯೇ ಹೊಂದುತ್ತದೆ. ಮನೆಯಲ್ಲಿ ರಾಗಿ ಕೂಡಿಡುವವರು ಮಾಡಬೇಕಾದದ್ದು ಇಷ್ಟು: ಆವಕ ಹೆಚ್ಚಿರುವ ಸುಗ್ಗಿಯಲ್ಲಿ ಕೊಳ್ಳುವುದು, ಕಚ್ಚಿದರೆ ಕಟುಂ ಎನ್ನುವಂತೆ ಒಣಗಿಸುವುದು, ಹಲಗೆಯ ಮೇಲಿಡುವುದು, ಹಳೆಯದನ್ನು ಮೊದಲು ಬಳಸುವುದು. ಹಿಟ್ಟು ಬೇಗ ಕಮಟುವುದರಿಂದ ಕಾಳನ್ನೇ ಇಟ್ಟು, ಒಂದೆರಡು ವಾರಕ್ಕಾಗುವಷ್ಟು ಗಿರಣಿಗೆ ಒಯ್ಯುವುದು ಲೇಸು.

ಮನೆ ಕೆಡವುವಾಗ, ರಸ್ತೆ ಅಗಲಿಸುವಾಗ ಹಳೆಯ ಹಗೇವುಗಳು ಈಗಲೂ ಸಿಗುವುದುಂಟು. ಸಿಕ್ಕಲ್ಲಿ ಯಾರೂ ಕೂಡಲೇ ಒಳಗೆ ಇಳಿಯಬಾರದು. ಮಣ್ಣು ತುಂಬಿಸುವ ಮೊದಲು ಬಾಯಿಯ ಅಗಲ, ಆಳ, ಸಾರಣೆಯ ಬಗೆ ಬರೆದು, ಚಿತ್ರ ತೆಗೆದು ಗ್ರಾಮ ಪಂಚಾಯಿತಿಗೋ ಹತ್ತಿರದ ಶಾಲೆಗೋ ಕೊಡಬೇಕು.