ಬಾನೆಟ್ ಕಳಚಿದ ಮೇಲೆ

ಹಳೆಯ ಕಾರನ್ನು ವೇಗಕ್ಕೆಂದು ತಿದ್ದಿ ಕಟ್ಟುವ ಹಾಟ್ ರಾಡ್ ಕಾರುಗಳ ಚೆಲುವಿನ ಇತಿಹಾಸ ಶುರುವಾಗುವುದು ಕಳಚುವ ಕೆಲಸದಿಂದ. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್ ಕಾರುಗಳನ್ನು ಪುಡಿಗಾಸಿಗೆ ಕೊಂಡು ತರುತ್ತಿದ್ದರು. ಮಾಡೆಲ್-ಟಿ ಒಂದನ್ನೇ ಫೋರ್ಡ್ ಕಂಪನಿ ಒಂದೂವರೆ ಕೋಟಿಯಷ್ಟು ತಯಾರಿಸಿತ್ತು. ಗುಜರಿ ಅಂಗಳಗಳಲ್ಲಿ ಅವಕ್ಕೆ ಬರವಿರಲಿಲ್ಲ. ಮಡ್‌ಗಾರ್ಡು, ಬಾನೆಟ್ಟು, ಬಂಪರು ಎಲ್ಲ ಬಿಚ್ಚಿಟ್ಟು, ಮೊಹಾವಿ ಮರುಭೂಮಿಯ ಮುರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಗಳ ಗಟ್ಟಿ ನೆಲದ ಮೇಲೆ ಕಾರು ಓಡಿಸಿ ವೇಗ ಅಳೆಯುವುದು ಅವರ ಹುಚ್ಚು. 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿ ಆ ಹುಚ್ಚಿಗೊಂದು ಶಿಸ್ತು ಬಂತು. ತೂಕ ಇಳಿಸಲೆಂದು ತಗಡು ಕಳಚಿದ್ದೇ ತಡ, ಕಾರ್ಖಾನೆ ಮುಚ್ಚಿಟ್ಟದ್ದೆಲ್ಲ ಬಯಲಿಗೆ ಬಿತ್ತು. ಎಂಜಿನ್ನು, ಮುಂದಿನ ಆಕ್ಸಲ್, ಸ್ಟೀರಿಂಗ್ ರಾಡು, ಎಕ್ಸಾಸ್ಟ್ ಪೈಪು, ಇವನ್ನು ಯಾರು ನೋಡುತ್ತಾರೆಂದು ಕಾರ್ಖಾನೆಯವರು ಒರಟಾಗಿಯೇ ಬಿಟ್ಟಿದ್ದರು. ಈಗ ಅವೇ ಕಾರಿನ ಮುಖವಾದವು. ಯಂತ್ರಭಾಗಗಳನ್ನು ತಿದ್ದಿ ತೀಡಿ ಮೆರುಗು ಕೊಡುವ ವಿದ್ಯೆ ಬೆಳೆದದ್ದು ಈ ಅಗತ್ಯದಿಂದ.

ಆ ಮುಖದ ನಡುಮಧ್ಯೆ ಇದ್ದದ್ದು ಫೋರ್ಡ್ 1932ರಲ್ಲಿ ಹೊರತಂದ ಫ್ಲಾಟ್‌ಹೆಡ್ ವಿ-8 ಎಂಜಿನ್. 221 ಘನ ಅಂಗುಲ, 65 ಅಶ್ವಶಕ್ತಿ. ಎಂಟೂ ಸಿಲಿಂಡರುಗಳ ಬ್ಲಾಕನ್ನು ಒಂದೇ ಎರಕದಲ್ಲಿ ಹೊಯ್ದದ್ದರಿಂದ ಅದು ಸಾಮಾನ್ಯರ ಕೈಗೆಟುಕುವ ಬೆಲೆಗೆ ಬಂತು. ಆದರೆ ಮರಳಿನ ಅಚ್ಚಿನಲ್ಲಿ ಹೊಯ್ದ ಬೀಡುಕಬ್ಬಿಣ ಹೇಗಿರಬೇಕೋ ಹಾಗೇ ಇತ್ತು: ಮೈತುಂಬ ತರಿ, ಅಚ್ಚಿನ ಎರಡು ಭಾಗ ಕೂಡುವಲ್ಲಿ ಎದ್ದ ಗೆರೆ. ಇದಕ್ಕೆ ಹೆಚ್ಚಿನ ಬಲ ತುಂಬುವ ಬಿಡಿಭಾಗಗಳು ಲಾಸ್ ಏಂಜಲಿಸ್‌ನ ಸಣ್ಣ ಸಣ್ಣ ಗ್ಯಾರೇಜುಗಳಿಂದ ಬರತೊಡಗಿದವು. ವಿಕ್ ಎಡೆಲ್‌ಬ್ರಾಕ್ 1938ರಲ್ಲಿ ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಮಿಶ್ರಣ ಹಂಚುವ ತನ್ನ ‘ಸ್ಲಿಂಗ್‌ಶಾಟ್’ ಮ್ಯಾನಿಫೋಲ್ಡ್ ಮಾಡಿದ. ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡುಗಳು ಬಂದವು. ಅವುಗಳ ಮೇಲೆ ಸಾಲು ಸಾಲು ಏಣುಗಳು, ನಡುವೆ ತಯಾರಕನ ಹೆಸರು. ನೀರಿನಿಂದ ತಣಿಯುವ ಎಂಜಿನ್ನಿಗೆ ಆ ಏಣುಗಳಿಂದ ಆಗುವ ಉಪಕಾರ ಅಲ್ಪ. ಕಣ್ಣಿಗೆ ಮಾತ್ರ ಅವು ಹಬ್ಬ. ಏಣುಗಳ ನೆತ್ತಿಯನ್ನೂ ಹೆಸರಿನ ಅಕ್ಷರಗಳನ್ನೂ ಉಜ್ಜಿ ಹೊಳೆಯಿಸಿ, ನಡುವಿನ ತಗ್ಗನ್ನು ಎರಕ ಬಿಟ್ಟ ಒರಟುತನದಲ್ಲೇ ಉಳಿಸುವುದೋ ಬಣ್ಣ ತುಂಬುವುದೋ ಮಾಡುತ್ತಿದ್ದರು. ಎಲ್ಲವನ್ನೂ ಹೊಳೆಯಿಸಿದರೆ ಯಾವುದೂ ಕಾಣುವುದಿಲ್ಲ ಎಂಬುದು ಆ ಮೊದಲ ತಲೆಮಾರಿಗೆ ತಿಳಿದಿತ್ತು. ಆಮೇಲೆ ಬಂದ ಎಷ್ಟೋ ಕುಶಲಕರ್ಮಿಗಳು ಇದನ್ನು ಮರೆತರೆನ್ನುವುದು ನನಗೆ ನಿಜವಾದ ನಷ್ಟವಾಗಿ ಕಾಣುತ್ತದೆ.

ಈ ಕಸುಬಿಗೆ ಶಾಸ್ತ್ರ ಕಲಿಸಿದ್ದು ವಿಮಾನ. ಎರಡನೆಯ ಮಹಾಯುದ್ಧದ ಹೊತ್ತಿಗೆ ಬರ್‌ಬ್ಯಾಂಕ್‌ನಲ್ಲಿ ಲಾಕ್‌ಹೀಡ್, ಸಾಂಟಾ ಮೋನಿಕಾದಲ್ಲಿ ಡಗ್ಲಸ್, ಇಂಗಲ್‌ವುಡ್‌ನಲ್ಲಿ ನಾರ್ತ್ ಅಮೆರಿಕನ್ ಕಂಪನಿಗಳು ಹಗಲುರಾತ್ರಿ ವಿಮಾನ ಕಟ್ಟುತ್ತಿದ್ದವು. ಅಲ್ಲಿ ದುಡಿದ ಕೈಗಳು, ಸೇನೆಯಲ್ಲಿ ಎಂಜಿನ್ ಬಿಚ್ಚಿ ಕಟ್ಟಿ ಪಳಗಿದ ಕೈಗಳು ಯುದ್ಧ ಮುಗಿದ ಮೇಲೆ ಗ್ಯಾರೇಜುಗಳಿಗೆ ಮರಳಿದವು. ಯುದ್ಧದಲ್ಲಿ ಮಿಕ್ಕ ಸಾಮಾನು ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿತು. ಬಿಲ್ ಬರ್ಕ್ 1946ರಲ್ಲಿ ಯುದ್ಧವಿಮಾನದ ಹೊಟ್ಟೆಗೆ ತೂಗುಹಾಕುವ ಪೆಟ್ರೋಲ್ ಟ್ಯಾಂಕನ್ನೇ ಕಾರಿನ ಮೈಯಾಗಿಸಿದ. ನೀಲಿ ಅನೋಡೈಸಿಂಗ್ ಮಾಡಿದ ಅಲ್ಯೂಮಿನಿಯಂ ಪೈಪ್ ಜೋಡಣೆಗಳು, ಬೋಲ್ಟಿನ ತಲೆಗೆ ತೂತು ಕೊರೆದು ಸಡಿಲವಾಗದಂತೆ ಹೆಣೆಯುವ ತಂತಿ, ಇವೆಲ್ಲ ಹಾಟ್ ರಾಡಿಗೆ ಬಂದದ್ದು ವಿಮಾನದಿಂದಲೇ.

ಇನ್ನೂ ಮುಖ್ಯವಾದ ಅರಿವೊಂದು ಅಲ್ಲಿಂದಲೇ ಬಂತು. ಲೋಹ ಮುರಿಯುವುದು ಸಾಮಾನ್ಯವಾಗಿ ಒಳಗಿನಿಂದಲ್ಲ. ಮೇಲ್ಮೈಯ ಒಂದು ಗೀರಿನಿಂದ, ಒಂದು ಚೂಪು ಮೂಲೆಯಿಂದ, ತೂತಿನ ಬಾಯಲ್ಲಿ ಉಳಿದ ಲೋಹದ ಚೂಪು ಎಸಳಿನಿಂದ. ಮತ್ತೆ ಮತ್ತೆ ಎಳೆತಕ್ಕೆ ಸಿಕ್ಕಾಗ ಬಿರುಕು ಅಲ್ಲಿ ಹುಟ್ಟಿ ಒಳಗೆ ಹಬ್ಬುತ್ತದೆ. ಆದ್ದರಿಂದಲೇ ಓಟದ ಎಂಜಿನ್ ಕಟ್ಟುವವರು ಕನೆಕ್ಟಿಂಗ್ ರಾಡಿನ ಪಕ್ಕೆಗಳನ್ನು ನಯವಾಗುವ ತನಕ ಉಜ್ಜುತ್ತಿದ್ದರು. ಅದೂ ಉದ್ದಕ್ಕೆ, ಅಡ್ಡ ಉಜ್ಜಿದರೆ ಉಳಿಯುವ ಅತಿಸಣ್ಣ ಗೆರೆಯೂ ಬಿರುಕಿಗೆ ದಾರಿ. ಹಗುರವಾಗಲೆಂದು ಆಕ್ಸಲ್‌ಗೆ ಕೊರೆದ ತೂತುಗಳ ಅಂಚನ್ನು ಅರದಿಂದ ಉಜ್ಜಿ ದುಂಡಗಾಗಿಸುತ್ತಿದ್ದರು. ಎಂಜಿನ್ನಿನ ಒಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಎಣ್ಣೆ ಬೇಗ ಇಳಿದು ಹೋಗಲೆಂದೂ ಎರಕದ ಮರಳಿನ ಕಣ ಬಿಟ್ಟುಬಂದು ಬೇರಿಂಗ್ ತಿನ್ನದಿರಲೆಂದೂ ಬ್ಲಾಕಿನ ಗೋಡೆಗಳನ್ನು ಸವರಿ, ವಿದ್ಯುತ್ ಮೋಟಾರುಗಳ ಸುರುಳಿಗೆ ಬಳಿಯುವ ಕೆಂಪು ಇನ್ಸುಲೇಟಿಂಗ್ ಬಣ್ಣ ಹಚ್ಚುತ್ತಿದ್ದರು. ಹೊಳಪೇ ಬಲವಾಗಿದ್ದ, ಚಂದವೂ ಎಂಜಿನಿಯರಿಂಗೂ ಒಂದೇ ಅರದ ತುದಿಯಲ್ಲಿದ್ದ ಈ ಹಂತವನ್ನು ನಾನು ಈ ಇತಿಹಾಸದ ಅತಿ ಎತ್ತರದ ಜಾಗವೆಂದು ತಿಳಿಯುತ್ತೇನೆ.

1948ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನ ಆರ್ಮರಿ ಕಟ್ಟಡದಲ್ಲಿ ಹಾಟ್ ರಾಡ್‌ಗಳ ದೊಡ್ಡ ಪ್ರದರ್ಶನ ನಡೆಯಿತು. ರಾಬರ್ಟ್ ಪೀಟರ್ಸನ್ ಮತ್ತು ರಾಬರ್ಟ್ ಲಿಂಡ್ಸೆ ಅದೇ ತಿಂಗಳು ‘ಹಾಟ್ ರಾಡ್’ ಪತ್ರಿಕೆ ಶುರುಮಾಡಿದರು. 1950ರಲ್ಲಿ ಓಕ್‌ಲ್ಯಾಂಡ್ ರೋಡ್‌ಸ್ಟರ್ ಪ್ರದರ್ಶನ ‘ಅಮೆರಿಕದ ಅತಿ ಸುಂದರ ರೋಡ್‌ಸ್ಟರ್’ (ಚಾವಣಿಯಿಲ್ಲದ ಕಾರು) ಪ್ರಶಸ್ತಿಯನ್ನು ಮೊದಲ ಬಾರಿ ಬಿಲ್ ನೀಕ್ಯಾಂಪ್‌ನ 1929ರ ಫೋರ್ಡಿಗೆ ಕೊಟ್ಟಿತು. ಪ್ರಶಸ್ತಿಯ ಟ್ರೋಫಿ ಒಂಬತ್ತು ಅಡಿ ಎತ್ತರ. ಒಣಕೆರೆಯ ಮೇಲೆ ಗಡಿಯಾರ ತೀರ್ಪು ಹೇಳುತ್ತಿತ್ತು. ಇಲ್ಲಿ ತೀರ್ಪುಗಾರರ ಕಣ್ಣು ಹೇಳತೊಡಗಿತು. ಎಂಜಿನ್ನಿನಿಂದ ಹಿಂದಿನ ಆಕ್ಸಲ್‌ವರೆಗೆ ಕ್ರೋಮ್ ಹರಡಿತು.

ಕ್ರೋಮ್ ಲೇಪ ಆಗ ತೀರ ಹಳೆಯ ವಿದ್ಯೆಯೇನಲ್ಲ. ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದದ್ದು 1920ರ ದಶಕದ ನಡುವೆ, ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಮತ್ತು ಜೊತೆಗಾರರು. ಜನ ಕ್ರೋಮಿನ ಹೊಳಪು ಎಂದು ಮೆಚ್ಚುವುದರಲ್ಲಿ ಕ್ರೋಮಿನ ಪಾಲು ಕೊಂಚವೇ. ಅದರ ಪದರ ಒಂದು ಮೈಕ್ರಾನ್‌ಗಿಂತಲೂ ತೆಳು. ಅದರಡಿಯ ನಿಕಲ್ ಹಲವು ಪಟ್ಟು ದಪ್ಪ. ಹೊಳಪೂ ತುಕ್ಕಿನಿಂದ ರಕ್ಷಣೆಯೂ ಹೆಚ್ಚಾಗಿ ಅದರದ್ದೇ. ಅದಕ್ಕೂ ಕೆಳಗೆ ತಾಮ್ರ, ಸಣ್ಣ ಗುಳಿಗಳನ್ನು ತುಂಬಿ ಉಜ್ಜಲು ಒದಗುವ ಮೆತ್ತನೆಯ ತಳ. ಎಲ್ಲಕ್ಕೂ ಕೆಳಗೆ ಮನುಷ್ಯನ ದುಡಿಮೆ. ಒರಟು ಎಮರಿಯಿಂದ ಶುರುಮಾಡಿ, ಪ್ರತಿ ಹಂತದಲ್ಲೂ ಹಿಂದಿನ ಹಂತದ ಗೀರು ಪೂರ್ತಿ ಅಳಿಯುವವರೆಗೆ ಉಜ್ಜಿ, ಕಡೆಗೆ ಬಟ್ಟೆಯ ಚಕ್ರಕ್ಕೆ ಬಫಿಂಗ್ ಸೋಪು ಹಚ್ಚಿ ಬಫ್ ಮಾಡುವವನ ಗಂಟೆಗಳು. ನಡುವೆ ಒಂದು ಹಂತ ಹಾರಿಸಿದರೆ ಆ ಗೀರನ್ನು ಕ್ರೋಮ್ ಮುಚ್ಚುವುದಿಲ್ಲ, ಇನ್ನಷ್ಟು ಎತ್ತಿ ತೋರಿಸುತ್ತದೆ. ಸಾವಿರಾರು ಸುತ್ತು ತಿರುಗುವ ಚಕ್ರ ಬಿಡಿಭಾಗದ ಅಂಚನ್ನು ಕಚ್ಚಿ ಎಸೆದರೆ ಕೈ ಮುರಿಯುವುದೂ ಉಂಟು. ಪ್ರಶಸ್ತಿ ಫಲಕದಲ್ಲಿ ಕಾರು ಕಟ್ಟಿಸಿದವರ ಹೆಸರಿದೆ. ಬಫಿಂಗ್ ಚಕ್ರದ ಮುಂದೆ ಮುಖವೆಲ್ಲ ಕಪ್ಪು ಮಾಡಿಕೊಂಡು ನಿಂತವರ ಹೆಸರು ದಾಖಲೆಯಲ್ಲಿ ಸಿಗುವುದು ಅಪರೂಪ.

ಕ್ರೋಮಿನೊಳಗೆ ಇನ್ನೊಂದು ಅಪಾಯವೂ ಇತ್ತು. ಆಮ್ಲದಲ್ಲಿ ಅದ್ದಿ ತೊಳೆಯುವಾಗ, ಲೇಪ ಕೂರಿಸಲು ವಿದ್ಯುತ್ ಹಾಯಿಸುವಾಗ ಜಲಜನಕ ಹುಟ್ಟುತ್ತದೆ. ಗಟ್ಟಿಯಾಗಿ ಹದಗೊಳಿಸಿದ ಉಕ್ಕು ಆ ಜಲಜನಕವನ್ನು ಹೀರಿಕೊಂಡು ಒಳಗೊಳಗೇ ಪೆಡಸಾಗುತ್ತದೆ. ಹೊರಗೆ ಕನ್ನಡಿಯಂತೆ ಹೊಳೆಯುವ ಬೋಲ್ಟು, ಸ್ಪ್ರಿಂಗು, ಸ್ಟೀರಿಂಗ್ ಆರ್ಮ್ ಒಂದು ದಿನ ಬಗ್ಗುವ ಸೂಚನೆಯನ್ನೂ ಕೊಡದೆ ಪಟ್ಟನೆ ಮುರಿಯುತ್ತದೆ. ಲೇಪ ಮುಗಿದ ಕೆಲವೇ ಗಂಟೆಗಳೊಳಗೆ ಸುಮಾರು 190 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತಾಸುಗಟ್ಟಲೆ ಬೇಯಿಸಿ ಜಲಜನಕವನ್ನು ಹೊರದೂಡುವುದು ಇದಕ್ಕೆ ಪರಿಹಾರ. ವಿಮಾನ ಉದ್ಯಮಕ್ಕೆ ಇದು ಕಡ್ಡಾಯ ಪಾಠ. ಬಂಪರು, ಬಾಗಿಲ ಹಿಡಿ ಹೊಳೆಯಿಸುವ ಬೀದಿಬದಿಯ ಪ್ಲೇಟಿಂಗ್ ಅಂಗಡಿಗೆ ಅದು ಗೊತ್ತಿರಲೇಬೇಕೆಂದೇನೂ ಇರಲಿಲ್ಲ. ಚಾಲಕನ ಜೀವ ಹೊತ್ತ ಭಾಗವನ್ನು ಕೇವಲ ಹೊಳಪಿಗಾಗಿ ಪ್ಲೇಟಿಂಗ್ ತೊಟ್ಟಿಗೆ ಇಳಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ. ಅಂಥವಕ್ಕೆ ಕಪ್ಪು ಬಣ್ಣವೇ ಸಾಕು.

1955ರಲ್ಲಿ ಶೆವರ್ಲೆಯ ಸಣ್ಣ ವಿ-8 ಬಂತು, ಫ್ಲಾಟ್‌ಹೆಡ್ ಹಿಂದೆ ಸರಿಯಿತು. ನಾರ್ಮ್ ಗ್ರಬೌಸ್ಕಿಯ ಬಾನೆಟ್ ಇಲ್ಲದ ಮಾಡೆಲ್-ಟಿ ‘77 ಸನ್‌ಸೆಟ್ ಸ್ಟ್ರಿಪ್’ ಧಾರಾವಾಹಿಯ ಮೂಲಕ ಮನೆಮನೆಯ ಟಿವಿಗೆ ಹೋಯಿತು. 1964ರಲ್ಲಿ ಡೆಟ್ರಾಯಿಟ್‌ನ ಆಟೊರಾಮಾ ಪ್ರದರ್ಶನ ರಿಡ್ಲರ್ ಪ್ರಶಸ್ತಿ ಶುರುಮಾಡಿತು. ಮೊದಲ ಬಾರಿಗೆ ಅಲ್ಲಿಯೇ ತೆರೆ ಸರಿಸುವ ಕಾರುಗಳಿಗೆ ಮಾತ್ರ ಅದು ಸಲ್ಲುತ್ತದೆ. ಕಾರಿನಡಿ ಕನ್ನಡಿ ಹಾಸಿ ಹೊಟ್ಟೆಯ ಭಾಗವನ್ನೂ ತೋರಿಸುವ ರೂಢಿ ಬಂದಮೇಲೆ ಗೇರ್‌ಬಾಕ್ಸಿನ ತಳಕ್ಕೂ ಮುಂಭಾಗದಷ್ಟೇ ಕೆಲಸ ಬಿತ್ತು.

ದೊಡ್ಡ ತಿರುವು ಬಂದದ್ದು 1970ರ ದಶಕದಲ್ಲಿ. ಜಾನ್ ಬುಟೇರಾ ಎಂಬ ಕುಶಲಕರ್ಮಿ, ಎರಕ ಹೊಯ್ದ ಭಾಗವನ್ನು ತಿದ್ದುವ ಬದಲು ಅಲ್ಯೂಮಿನಿಯಂನ ಗಟ್ಟಿ ದಿಮ್ಮಿಯಿಂದಲೇ ಬಿಡಿಭಾಗಗಳನ್ನು ಕಡೆದು ತೆಗೆಯತೊಡಗಿದ. ಹಗಲು ಡಿಸ್ನಿಲ್ಯಾಂಡ್‌ನಲ್ಲಿ ಮೆಷಿನಿಸ್ಟ್ ಆಗಿದ್ದ ಬಾಯ್ಡ್ ಕಾಡಿಂಗ್ಟನ್ ಆಮೇಲೆ ಈ ಬಿಲ್ಲೆಟ್ ಶೈಲಿಯನ್ನು, ಮುಖ್ಯವಾಗಿ ಚಕ್ರಗಳನ್ನು, ದೊಡ್ಡ ಉದ್ಯಮವಾಗಿಸಿದ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳು ಜೊತೆಯಾದವು. 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಎರಕದ ಹಾಗೆ ಗಾಳಿಗುಳ್ಳೆಗಳಿಲ್ಲ, ಉಜ್ಜಿದರೆ ಮೋಡವಿಲ್ಲದ ಹೊಳಪು. ಮೆರುಗಿನವನ ಕೆಲಸದ ರೀತಿಯೇ ಬದಲಾಯಿತು: ಮೊದಲು ಎರಕದ ತಪ್ಪು ತಿದ್ದುತ್ತಿದ್ದವನು ಈಗ ಕಟರ್ ಬಿಟ್ಟ ಗೆರೆ ಅಳಿಸಬೇಕು, ಬೋಲ್ಟುಗಳನ್ನು ಹಿಂಬದಿಯಿಂದ ಹಾಕಿ ಮರೆಮಾಡಬೇಕು. ನಿಖರತೆಯಲ್ಲಿ ಆ ಕಾಲ ಗೆದ್ದಿತು, ಅದನ್ನು ಒಪ್ಪಲೇಬೇಕು. ಆದರೆ ಕ್ಯಾಟಲಾಗ್ ನೋಡಿ ಎಲ್ಲರೂ ಅದೇ ಪುಲ್ಲಿ, ಅದೇ ಕನ್ನಡಿ, ಅದೇ ಪೆಡಲ್ ತರಿಸಿಕೊಂಡಾಗ ಯಾವ ಕಾರು ಯಾರದ್ದೆಂದು ಹೇಳಲಾಗದ ಏಕತಾನ ಬಂದದ್ದೂ ನಿಜ.

ಇದೇ ಹೊತ್ತಿಗೆ ಪೌಡರ್ ಕೋಟಿಂಗ್ ಬಂತು. ಇದರ ಬೀಜ 1950ರ ದಶಕದ ಜರ್ಮನಿಯಲ್ಲಿ, ಎರ್ವಿನ್ ಗೆಮ್ಮರ್ ಮಾಡಿದ ಪ್ರಯೋಗಗಳಲ್ಲಿದೆ. ವಿದ್ಯುದಾವೇಶ ಕೊಟ್ಟ ಒಣಪುಡಿಯನ್ನು ಲೋಹಕ್ಕೆ ಎರಚಿ 180ರಿಂದ 200 ಡಿಗ್ರಿಯಲ್ಲಿ ಬೇಯಿಸಿದರೆ ಗಟ್ಟಿಯಾದ ಪೊರೆ ಕಟ್ಟುತ್ತದೆ. ಚಾಸಿಗೆ, ಸಸ್ಪೆನ್ಷನ್ ತೋಳುಗಳಿಗೆ ಇದು ವರ. ಆದರೆ ಪೊರೆ 60ರಿಂದ 100 ಮೈಕ್ರಾನ್ ದಪ್ಪ. ಬೇರಿಂಗ್ ಕೂರುವ ಜಾಗ, ಬೋಲ್ಟಿನ ಥ್ರೆಡ್ಡು, ಭೂ-ಸಂಪರ್ಕದ ತಂತಿ ಬಿಗಿಯುವ ತಾಣ ಇವನ್ನು ಮೊದಲೇ ಟೇಪು, ರಬ್ಬರ್ ಬಿರಡೆಗಳಿಂದ ಮುಚ್ಚದಿದ್ದರೆ ಜೋಡಿಸುವ ದಿನ ಎಲ್ಲವನ್ನೂ ಕೆರೆಯುತ್ತ ಕೂರಬೇಕು. ಬಣ್ಣದ ಪದರದ ಮೇಲೆ ಬಿಗಿದ ಬೋಲ್ಟು ಪದರ ಕುಸಿದಂತೆ ಸಡಿಲಗೊಳ್ಳುತ್ತದೆ. ಎಕ್ಸಾಸ್ಟ್ ಪೈಪಿನ ಶಾಖ ಕ್ರೋಮನ್ನು ನೀಲಿಗಟ್ಟಿಸುತ್ತಿದ್ದುದಕ್ಕೆ ಸೆರಾಮಿಕ್ ಲೇಪ ಉತ್ತರವಾಯಿತು.

ಬೋಲ್ಟುಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅಮೆರಿಕದ ಬೋಲ್ಟಿನ ತಲೆಯ ಮೇಲೆ ಮೂರು ಗೆರೆಯಿದ್ದರೆ ಗ್ರೇಡ್ 5, ಆರಿದ್ದರೆ ಗ್ರೇಡ್ 8. ಮೊದಲನೆಯದು ಚದರ ಅಂಗುಲಕ್ಕೆ 1,20,000 ಪೌಂಡ್ ಎಳೆತ ತಾಳಬೇಕು, ಎರಡನೆಯದು 1,50,000. ಪ್ರದರ್ಶನದ ಕಾರುಗಳಲ್ಲಿ ಈ ಗೆರೆಗಳನ್ನು ಲೇತಿಗೆ ಹಿಡಿದು ಸವೆಸಿ, ತಲೆಯನ್ನು ನುಣ್ಣಗೆ ಮಾಡಿ ಹೊಳೆಯಿಸುವ ರೂಢಿಯಿದೆ. ನೋಡಲು ಬಲು ಚಂದ. ಆದರೆ ಹತ್ತು ವರ್ಷದ ನಂತರ ಆ ಕಾರಿಗೆ ಕೈಹಾಕುವ ಮೆಕ್ಯಾನಿಕ್‌ಗೆ ಅದರ ಬಲ ಎಷ್ಟೆಂದು ತಿಳಿಯುವ ದಾರಿಯೇ ಇರುವುದಿಲ್ಲ. ತುಕ್ಕು ಹಿಡಿಯದೆಂದು ಹಾಕುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು ಗ್ರೇಡ್ 5ಕ್ಕಿಂತ ದುರ್ಬಲ, ಮೇಲಾಗಿ ಬಿಗಿಯುವಾಗ ಥ್ರೆಡ್ಡುಗಳು ಒಂದಕ್ಕೊಂದು ಕಚ್ಚಿ ಹಿಡಿಯುವ ಗುಣದ್ದು. ವಾಲ್ವ್ ಮುಚ್ಚಳಕ್ಕೆ ಅದು ಸರಿ, ಬ್ರೇಕಿಗೆ ಬೇಡ.

1990ರ ದಶಕದಲ್ಲಿ ಬಿಲ್ಲೆಟ್ ಹೊಳಪಿಗೆ ಬೇಸತ್ತ ಯುವಕರು ತುಕ್ಕು ಹಿಡಿದ ಮೈ, ಬಣ್ಣ ಕಾಣದ ವೆಲ್ಡಿಂಗ್ ಇಟ್ಟುಕೊಂಡ ‘ರ‍್ಯಾಟ್ ರಾಡ್’ ಕಟ್ಟಿದರು. ಅವುಗಳಲ್ಲಿ ಕೆಲವು ಪ್ರಾಮಾಣಿಕ, ಕೆಲವು ಅಪಾಯಕಾರಿ. ಅದಕ್ಕಿಂತ ಆಳವಾದ ಬದಲಾವಣೆ 1997ರಲ್ಲಿ ಪೆಬಲ್ ಬೀಚ್‌ನಲ್ಲಿ ಆಯಿತು. ಶ್ರೀಮಂತರ ಹಳೆಯ ಕಾರುಗಳ ಆ ಪ್ರತಿಷ್ಠಿತ ಸ್ಪರ್ಧೆ ಮೊದಲ ಬಾರಿಗೆ ಹಾಟ್ ರಾಡ್‌ಗಳಿಗೊಂದು ವರ್ಗ ತೆರೆಯಿತು. ಗೆದ್ದದ್ದು ಡೋನ್ ಸ್ಪೆನ್ಸರ್ 1940ರ ದಶಕದಲ್ಲಿ ಕೈಗೆತ್ತಿಕೊಂಡಿದ್ದ 1932ರ ಕಪ್ಪು ಫೋರ್ಡ್ ರೋಡ್‌ಸ್ಟರ್. ಪೀಟ್ ಶಪೂರಿಸ್‌ನ ಸೋ-ಕ್ಯಾಲ್ ಸ್ಪೀಡ್ ಶಾಪ್ ಅದನ್ನು ಜೀರ್ಣೋದ್ಧಾರ ಮಾಡಿತ್ತು. ಮೆಕ್ಸಿಕೋದ ದೂರದ ರಸ್ತೆ ಓಟವನ್ನು ಮನಸ್ಸಿನಲ್ಲಿಟ್ಟು ಸ್ಪೆನ್ಸರ್ ತಿದ್ದಿದ ಕಾರು ಅದು. ಪ್ರತಿ ಬದಲಾವಣೆಗೂ ಒಂದು ಕಾರಣವಿತ್ತು. ಅಂದಿನಿಂದ ಕಟ್ಟುವವರು ಕಾಲಕ್ಕೆ ಒಪ್ಪುವ ಮೆರುಗು ಹುಡುಕತೊಡಗಿದ್ದಾರೆ: ಮಂದ ಜಿಂಕ್ ಲೇಪದ ಬೋಲ್ಟು, ಕಪ್ಪು ಫಾಸ್ಫೇಟ್ ಹಿಡಿಸಿದ ಸರಳು, ಎರಕದ ತರಿ ಉಳಿಸಿಕೊಂಡ ಮ್ಯಾನಿಫೋಲ್ಡು, ಆಯ್ದ ಜಾಗದಲ್ಲಷ್ಟೇ ಕ್ರೋಮ್.

ಆ ಕ್ರೋಮಿಗೂ ಈಗ ದಿನಗಳು ಎಣಿಕೆಯಲ್ಲಿವೆ. ಅಲಂಕಾರದ ಲೇಪಕ್ಕೆ ಬಳಸುವ ಷಡ್ವೇಲೆನ್ಸಿ (ಹೆಕ್ಸಾವೆಲೆಂಟ್) ಕ್ರೋಮಿಯಂ ಕ್ಯಾನ್ಸರ್‌ಕಾರಕ. ತೊಟ್ಟಿಯಿಂದೇಳುವ ಮಂಜಿನಲ್ಲಿ ಅದು ಕಾರ್ಮಿಕರ ಎದೆಗೆ ಇಳಿಯುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಇದೇ ಕೆಲಸ ನಡೆಯುತ್ತದೆ, ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಪತ್ತೆಯಾದದ್ದನ್ನು ನಾವು ಬಲ್ಲೆವು. ಹಾಟ್ ರಾಡಿನ ತವರಾದ ಕ್ಯಾಲಿಫೋರ್ನಿಯಾವೇ 2023ರಲ್ಲಿ ನಿಯಮ ಮಾಡಿ, ಅಲಂಕಾರಿಕ ಲೇಪದಲ್ಲಿ ಇದರ ಬಳಕೆಯನ್ನು 2027ರಿಂದ ನಿಲ್ಲಿಸಲು ಹೊರಟಿದೆ. ಕೆಲವು ಷರತ್ತು ಪೂರೈಸಿದ ಘಟಕಗಳಿಗೆ ಇನ್ನೂ ಮೂರು ವರ್ಷ. ನನಗೆ ಇದು ಸರಿಯಾದ ಹೆಜ್ಜೆ. ಬದಲಿಗೆ ಬಂದ ತ್ರಿವೇಲೆನ್ಸಿ (ಟ್ರೈವೆಲೆಂಟ್) ಕ್ರೋಮಿನ ವಿಷ ಎಷ್ಟೋ ಕಡಿಮೆ, ಆದರೆ ಅದರ ಬಣ್ಣ ಬೇರೆ. ಹಳೆಯದರಲ್ಲಿ ತಣ್ಣನೆಯ ನೀಲಿಛಾಯೆ, ಹೊಸದರಲ್ಲಿ ತುಸು ಮಬ್ಬು. ಒಂದೇ ಆಕ್ಸಲ್‌ನ ಮೇಲೆ ಎರಡೂ ಅಕ್ಕಪಕ್ಕ ಬಂದರೆ ವ್ಯತ್ಯಾಸ ದೂರದಿಂದಲೇ ಕಾಣುತ್ತದೆ. ಹಾಗಾಗಿ ಹೊಸ ಕಾರು ಕಟ್ಟುವವರು ಎಲ್ಲ ಭಾಗಗಳನ್ನೂ ಒಂದೇ ಅಂಗಡಿಯ ಒಂದೇ ತೊಟ್ಟಿಯಲ್ಲಿ ಮುಗಿಸಬೇಕು. ಹಳೆಯ ಕಾರು ಉಳಿಸುವವರು ಒಂದು ಭಾಗ ಕೆಟ್ಟರೂ ಅದರ ಜೋಡಿಯನ್ನೂ ಬಿಚ್ಚಿ, ಹಳೆಯ ಲೇಪ ತೆಗೆಸಿ, ತಾಮ್ರದಿಂದ ಮತ್ತೆ ಶುರುಮಾಡಬೇಕು.