ಖರೇ ತೊರ್ತಿಯಾದಾಗ ಸುಣ್ಣ ಇರ್ತದ

ಹೋದ ವರ್ಷ ಮಗಳ ಬಾಣಂತನಕ್ಕಂತ ಟೆಕ್ಸಾಸಿನ ಸ್ಯಾನ್ ಆಂಟೋನಿಯೋಕ್ಕ ಹೋಗಿ ಆರು ತಿಂಗಳು ಇದ್ದು ಬಂದೆ. ಆ ಊರಾಗ ಅರ್ಧಕ್ಕಿಂತ ಹೆಚ್ಚು ಮಂದಿ ಮೆಕ್ಸಿಕೋ ಕಡೆಯ ಮೂಲದವರು. 1836ರ ತನಕ ಆ ಸೀಮಿನೇ ಮೆಕ್ಸಿಕೋದ್ದು. ಹಿಂಗಾಗಿ ಓಣಿಗೊಂದು ಟಾಕೋ ಅಂಗಡಿ. ಕೂಸಿಗೆ ಮೂರು ತಿಂಗಳಾದ ಮ್ಯಾಲ ಶನಿವಾರಕ್ಕೊಮ್ಮೆ ಎಲ್ಲಾರೂ ಹೊರಗ ಊಟಕ್ಕ ಹೋಗ್ತಿದ್ವಿ. ತಿಂದು ಕಾರ್ ಹತ್ತಿದ ಕೂಡ್ಲೆ ಮಗಳದು ಒಂದೇ ಮಾತು: "ಇದು ಖರೇ ಮೆಕ್ಸಿಕನ್ ಅಲ್ಲಬೇ."

"ಹಂಗಾದ್ರ ಖರೇದು ಯಾವುದವಾ?" ಅಂತ ಕೇಳಿದ್ರ ಇಬ್ಬರೂ ಒಂದೊಂದು ದಿಕ್ಕಿಗೆ ಹೋಗ್ತಿದ್ರು. ಮಗಳು ಅಂತಾಳ, ಚೀಸ್ ಸುರುವಿದ್ರ ಅದು ಅಮೆರಿಕದ್ದು. ಅಳಿಯ ಅಂತಾರ, ಗೋಧಿ ಹಿಟ್ಟಿನ ತೊರ್ತಿಯಾ ಇದ್ರ ಅದು ಖೊಟ್ಟಿ. ತೊರ್ತಿಯಾ ಅಂದ್ರ ಅವರ ರೊಟ್ಟಿ. ಅದರೊಳಗ ಪಲ್ಯಾನೋ ಮಾಂಸಾನೋ ಇಟ್ಟು ಮಡಚಿದ್ರ ಟಾಕೋ. ನನಗ ರೊಟ್ಟಿ ಬಡದು ನಲವತ್ತು ವರ್ಷಾತು. ಹಂಚಿನ ಮ್ಯಾಲ ಉಬ್ಬೋದ್ಯಾವುದು, ಉಬ್ಬದ್ದ್ಯಾವುದು ಅಂತ ಹಿಟ್ಟು ಮುಟ್ಟಿದ್ರ ಗೊತ್ತಾಗ್ತದ. ಆದ್ರ ಈ ಖರೇ-ಖೊಟ್ಟಿ ಲೆಕ್ಕ ನನಗೂ ಹತ್ತಲಿಲ್ಲ.

ಹತ್ತಿದ್ದು ಮೂಗಿನಿಂದ. ಒಂದಿನ ಮುಂಜಾನೆ ಕೂಸಿನ್ನ ತಳ್ಳೋ ಗಾಡ್ಯಾಗ ಮಲಗಿಸಿಕೊಂಡು ಅಡ್ಡಾಡಲಿಕ್ಕೆ ಹೊಂಟಿದ್ದೆ. ಒಂದು ಸಣ್ಣ ಅಂಗಡಿ ಮುಂದ ವಾಸನಿ ಬಂತು ನೋಡ್ರಿ, ಕಾಲು ಅಲ್ಲೇ ನಿಂತ್ವು. ದೀಪಾವಳಿ ಮುಂದ ಗ್ವಾಡಿಗೆ ಬಳೀಲಿಕ್ಕಂತ ಸುಣ್ಣ ನೆನಿ ಹಾಕತಿದ್ವಲ್ಲ, ಅದೇ ವಾಸನಿ! ಜೊತಿಗೆ ಗೋವಿನಜ್ವಾಳ ಕುದಿಯೋ ವಾಸನಿ. ಒಳಗ ಹಣಿಕಿ ಹಾಕಿದ್ರ ದೊಡ್ಡ ಹಂಡೇದಾಗ ಕಾಳು ನೆನೀಲಿಕ್ಕತ್ತಿತ್ತು, ಬಾಜೂಕ ಹಸಿ ಹಿಟ್ಟು ಬೀಸೋ ಗಿರಣಿ. ಅಂಗಡಿಯಾಕಿಗೆ ನನ್ನ ಮಾತು ತಿಳೀವಲ್ತು, ನನಗ ಆಕಿ ಮಾತು ತಿಳೀವಲ್ತು. ಕಡೀಕ ಒಂದು ಡಬ್ಬಿ ತಗದು ಬಿಳೇ ಪುಡಿ ತೋರಿಸಿ "ಕಾಲ್" ಅಂದ್ಲು. ಬೆರಳಿನಾಗ ತಿಕ್ಕಿ ನೋಡಿದೆ. ಎಲಿ ಅಡಿಕಿಗೆ ಹಚ್ಚಿಕೊಳ್ಳೋ ಸುಣ್ಣ!

ಆಕಿ ಕಟ್ಟಿಕೊಟ್ಟ ಬಿಸಿ ತೊರ್ತಿಯಾ ಮನಿಗೆ ತಂದು ಬರೇ ಉಪ್ಪು ಉದುರಿಸಿ ತಿಂದ್ವಿ. ಮಗಳು ಏನೂ ಅನ್ನಲಿಲ್ಲ, ಇನ್ನೊಂದು ತಗೊಂಡ್ಲು. ಅಳಿಯ ಫ್ರಿಜ್ಜಿನಾಗಿನ ಹಳೇ ಪ್ಯಾಕೆಟ್ ತಗದು ನೋಡಿದ್ರು. ಅದರ ಮ್ಯಾಲೂ "ಲೈಮ್" ಅಂತ ಬರದಿತ್ತು. ಪಾಪ, ಅಷ್ಟು ವರ್ಷ ಅದನ್ನ ನಿಂಬಿಹಣ್ಣು ಅಂತ ತಿಳಕೊಂಡಿದ್ರಂತ.

ಅವತ್ತಿನಿಂದ ನನಗ ಈ ಸುಣ್ಣದ ಹುಚ್ಚು ಹಿಡೀತು. ಮಧ್ಯಾಹ್ನ ಕೂಸು ಮಲಗಿದಾಗ ಓದಿದ್ದೇ ಓದಿದ್ದು.

ಗೋವಿನಜ್ವಾಳ ಹುಟ್ಟಿದ್ದೇ ಮೆಕ್ಸಿಕೋದಾಗ. ಸುಮಾರು 9000 ವರ್ಷದ ಹಿಂದ, ನೈಋತ್ಯ ಮೆಕ್ಸಿಕೋದ ಬಾಲ್ಸಾಸ್ ಹೊಳಿ ಕಣಿವ್ಯಾಗ, ತಿಯೋಸಿಂತೆ ಅನ್ನೋ ಕಾಡು ಹುಲ್ಲಿನಿಂದ ಅಲ್ಲಿ ಜನ ಇದನ್ನ ಬೆಳೆಸಿ ತಗದ್ರು. ಆ ಹುಲ್ಲಿನ ತೆನಿ ನೋಡಿದ್ರ ಇದು ಅದರಿಂದ ಬಂದದ್ದು ಅಂತ ಯಾರೂ ನಂಬೂದಿಲ್ಲ, ಕಿರಿಬೆರಳಿನಷ್ಟು ಇರ್ತದ, ಕಾಳಿಗೆ ಕಲ್ಲಿನಂಥಾ ಸಿಪ್ಪಿ. ಬೆಳಸೋದರ ಜೊತಿಗೆ ಅದನ್ನ ತಿನ್ನೋದನ್ನೂ ಕಲೀಬೇಕಾತು. ಒಣ ಗೋವಿನಜ್ವಾಳ ಹಂಗೇ ಬೀಸಿ ನೀರು ಹಾಕಿ ನಾದಿ ನೋಡ್ರಿ, ಹಿಟ್ಟಿಗೆ ಜಿಗಿ ಇರೂದಿಲ್ಲ, ಬಡದ್ರ ಅಂಚು ಸೀಳ್ತದ. ಜ್ವಾಳದ ಹಿಟ್ಟಿಗೆ ನಾವು ಕುದಿಯೋ ನೀರು ಹಾಕಿ ಜಿಗಿ ತರಸ್ತೀವಿ. ಅವರು ಸುಣ್ಣದಿಂದ ತರಿಸಿದ್ರು.

ಮಾಡೋದು ಹಿಂಗ. ಒಂದು ಕಿಲೋ ಕಾಳಿಗೆ ಹತ್ತು ಗ್ರಾಮಿನಷ್ಟು ಸುಣ್ಣ, ಎರಡು-ಮೂರು ಲೀಟರ್ ನೀರು. ಸಣ್ಣ ಉರಿ ಮ್ಯಾಲ ಕುದಿಸಿ, ಒಲಿ ಆರಿಸಿ, ರಾತ್ರಿ ಪೂರಾ ಹಂಗೇ ಬಿಡಬೇಕು. ಮುಂಜಾನೆ ನೀರು ಹಳದಿ ಆಗಿರ್ತದ, ಕೈಯಾಗ ತಿಕ್ಕಿದ್ರ ಸಿಪ್ಪಿ ಲೋಳಿಯಾಗಿ ಬಿಡ್ತದ. ತೊಳದು ಹಸೀದಿದ್ದಾಗೇ ಬೀಸಬೇಕು. ಆ ಕಾಳಿಗೆ ನಿಕ್ಸ್ತಮಾಲ್ ಅಂತಾರ. ನಾವಾತ್ಲ್ ಅಂದ್ರ ಅಸ್ಟೆಕ್ ಜನರ ಭಾಷಿ; ಅದರಾಗ ನೆಕ್ಸ್ತ್ಲಿ ಅಂದ್ರ ಬೂದಿ, ತಮಾಲ್ಲಿ ಅಂದ್ರ ಬೆಂದ ಗೋವಿನಜ್ವಾಳದ ಹಿಟ್ಟು. ಸುಣ್ಣ ಸಿಗದ ಕಡೆ ಬೂದಿ ಹಾಕ್ತಿದ್ರು, ಅದಕ್ಕ ಆ ಹೆಸರು. ಹಿಂಗ ಬೀಸಿದ ಹಿಟ್ಟು ಮಾಸಾ. ಬಡದ್ರ ತೊರ್ತಿಯಾ, ಸಿಪ್ಪಿಯಾಗ ಸುತ್ತಿ ಉಗಿಯಾಗ ಬೇಯಿಸಿದ್ರ ತಮಾಲೆ, ನೀರಾಗ ಕರಗಿಸಿ ಕುದಿಸಿದ್ರ ಅತೋಲೆ ಅನ್ನೋ ಗಂಜಿ.

ಈ ಸುಣ್ಣ ಬರೇ ಜಿಗಿಗೆ ಅಲ್ಲ ಅನ್ನೋದು ಜಗತ್ತಿಗೆ ತಿಳೀಬೇಕಾದ್ರ ಲಕ್ಷಗಟ್ಲೆ ಮಂದಿ ಜೀವ ಕೊಟ್ರು. ಗೋವಿನಜ್ವಾಳದಾಗ ನಿಯಾಸಿನ್ ಅನ್ನೋ ಜೀವಸತ್ವ ಅದ, ಆದ್ರ ಅದು ನಮ್ಮ ಹೊಟ್ಟಿಗೆ ಸಿಗಧಂಗ ಗಂಟು ಬಿದ್ದಿರ್ತದ. ಸುಣ್ಣದ ನೀರು ಆ ಗಂಟು ಬಿಚ್ಚತದ. ಕೊಲಂಬಸ್ ಹೋಗಿ ಬಂದ ಮ್ಯಾಲ ಯುರೋಪಿನವರು ಕಾಳು ಒಯ್ದ್ರು, ಸುಣ್ಣ ಒಯ್ಯಲಿಲ್ಲ. ಒಯ್ಯಬೇಕು ಅಂತ ಅವರಿಗೆ ಹೆಂಗ ತಿಳೀಬೇಕು? ಅವರ ಹತ್ರ ಗಾಳಿ ಗಿರಣಿ, ನೀರಿನ ಗಿರಣಿ ಇದ್ವು, ಒಣ ಕಾಳು ಹಂಗೇ ಪುಡಿ ಆಗ್ತಿತ್ತು. ಸುಣ್ಣದ ವಿದ್ಯಾ ಇದ್ದದ್ದು ಅಡಗಿಮನ್ಯಾಗ, ಮಣಕಾಲೂರಿ ಬೀಸೋ ಹೆಣ್ಮಕ್ಕಳ ಕೈಯಾಗ. ಹಡಗಿನಾಗ ಬಂದ ಗಂಡಸರು ಆಕಿನ್ನ ಏನೂ ಕೇಳಲಿಲ್ಲ.

1735ರಾಗ ಸ್ಪೇನಿನ ಅಸ್ತೂರಿಯಾಸದಾಗ ಗಾಸ್ಪರ್ ಕಸಾಲ್ ಅನ್ನೋ ವೈದ್ಯ ಒಂದು ಹೊಸಾ ರೋಗ ಗುರುತು ಹಚ್ಚಿದ. ಗೋವಿನಜ್ವಾಳ ತಿಂದೇ ಬದುಕೋ ಬಡವರಿಗೆ ಚರ್ಮ ಕೆಂಪಾಗಿ ಸುಲೀತದ, ಹೊಟ್ಟಿ ಹರೀತದ, ಕಡೀಕ ಬುದ್ಧಿ ಕೆಡ್ತದ. ಇಟಲ್ಯಾಗ ಅದಕ್ಕ ಪೆಲ್ಲಾಗ್ರಾ ಅಂತ ಹೆಸರು ಬಿತ್ತು, ಒರಟು ಚರ್ಮ ಅಂತ ಅರ್ಥ. 20ನೇ ಶತಮಾನದ ಮೊದಲಿಗೆ ಅಮೆರಿಕದ ದಕ್ಷಿಣದ ರಾಜ್ಯಗಳೊಳಗ ಹಬ್ಬಿತು. ಅಂಟುರೋಗ ಅಂತ ಎಲ್ಲಾರೂ ಹೆದರಿದ್ರು. 1914ರಾಗ ಸರ್ಕಾರ ಕಳಿಸಿದ ಜೋಸೆಫ್ ಗೋಲ್ಡ್‌ಬರ್ಗರ್ ಅನ್ನೋ ಡಾಕ್ಟರ್, ಇದು ಅಂಟೂದಿಲ್ಲ, ಊಟದ ಕೊರತಿ ಅಂತ ತೋರಿಸಿದ. 1937ರಾಗ ಕಾನ್ರಾಡ್ ಎಲ್ವೆಯೆಮ್ ನಿಯಾಸಿನ್ ಕೊಟ್ಟು ನಾಯಿಗೆ ಬರೋ ಇಂಥಾದೇ ರೋಗ ವಾಸಿ ಮಾಡಿದ ಮ್ಯಾಲ ಗುಟ್ಟು ಹೊರಗ ಬಂತು. ಇಷ್ಟೂ ದಿನ ಮೆಕ್ಸಿಕೋದ ಹಳ್ಯಾಗ ಅದೇ ಕಾಳು ತಿಂದವರಿಗೆ ಈ ರೋಗ ಇಲ್ಲೇ ಇಲ್ಲ ಅನ್ನೋವಷ್ಟು ಕಡಿಮಿ.

ಓದ್ತಾ ಓದ್ತಾ ನಮ್ಮ ದಖ್ಖನ್ನಿನ ಮಾತೂ ಬಂತು. 1960ರ ಸುಮಾರಿಗೆ ಹೈದರಾಬಾದಿನಾಗ ಸಿ. ಗೋಪಾಲನ್ ಅವರು ಬರೇ ಜ್ವಾಳದ ಮ್ಯಾಲ ಬದುಕೋ ಬಡವರೊಳಗೂ ಪೆಲ್ಲಾಗ್ರಾ ಅದ ಅಂತ ಬರದ್ರು. ನನ್ನ ಜ್ವಾಳದ ರೊಟ್ಟಿಗೆ ಹಿಂಗಂದ್ರು ಅಂತ ಒಂದು ಕ್ಷಣ ಸಿಟ್ಟೇ ಬಂತು. ಆಮ್ಯಾಲ ತಿಳೀತು, ಮಾತು ರೊಟ್ಟಿದಲ್ಲ, ರೊಟ್ಟಿ ಜೊತಿಗೆ ಕಾಳುಪಲ್ಯಾ, ಮೊಸರು, ಶೇಂಗಾ ಹಿಂಡಿ ಇಲ್ಲದ ತಾಟಿಂದು. ಮೆಕ್ಸಿಕೋದವರೂ ತೊರ್ತಿಯಾ ಬರೇದ ತಿನ್ನೂದಿಲ್ಲ, ಕಾಳು ಬೇಕೇ ಬೇಕು.

ಈಗ ಮಗಳ ಚೀಸಿನ ಮಾತಿಗೆ ಬರೋಣ. 1519ರಾಗ ಕೊರ್ತೇಸ್ ಬರೋಕ್ಕಿಂತ ಮೊದಲ ಅಲ್ಲಿ ಆಕಳ ಇದ್ದಿಲ್ಲ, ಹಂದಿ ಇದ್ದಿಲ್ಲ, ಗೋಧಿ, ಅಕ್ಕಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಕೊತ್ತಂಬರಿ ಒಂದೂ ಇದ್ದಿಲ್ಲ. 1565ರಿಂದ 250 ವರ್ಷ ಮನಿಲಾದಿಂದ ಅಕಾಪುಲ್ಕೋಕ್ಕ ಹಡಗು ನಡದ್ವು. ನಮ್ಮ ಕಡೆ ಹುಣಸಿಹಣ್ಣು, ಮಾವಿನಹಣ್ಣು ಅಲ್ಲೆ ಸೇರಿದ್ವು. ಹುಣಸಿಹಣ್ಣಿನ ಪಾನಕ ಅಲ್ಲೆ ಇವತ್ತೂ ಮನಿ ಮನ್ಯಾಗ ಮಾಡ್ತಾರ. ಅವರ ಮೆಣಸಿನಕಾಯಿ ಪೋರ್ತುಗೀಜರ ಕೈಯಿಂದ ನಮ್ಮಲ್ಲಿಗೆ ಬಂದು ಬ್ಯಾಡಗಿ ಆತು. ಪ್ವೆಬ್ಲಾದ ಮೋಲೆ ಅನ್ನೋ ಮಸಾಲಿ ಗೊಜ್ಜಿನಾಗ ಅಲ್ಲಿ ಮೆಣಸಿನಕಾಯಿ, ಚಾಕೊಲೇಟ್ ಜೊತಿಗೆ ನಮ್ಮ ಕಡೆಯ ಲವಂಗ, ದಾಲ್ಚಿನ್ನಿ, ಎಳ್ಳು ಎಲ್ಲಾ ಕೂಡ್ಯಾವ. ಟಾಕೋ ಅಲ್ ಪಾಸ್ತೋರ್ ಅಂತ ನಿಂತ ಸಲಾಕಿಗೆ ಮಾಂಸ ಚುಚ್ಚಿ ಸುಡ್ತಾರಲ್ಲ, ಅದರ ಮೂಲ ಲೆಬನಾನಿನಿಂದ ಹೋದವರ ಶವರ್ಮಾ. ಅಳಿಯ ಖೊಟ್ಟಿ ಅಂದ ಗೋಧಿ ತೊರ್ತಿಯಾ ಸೊನೋರಾ ಕಡೆ, ಉತ್ತರ ಮೆಕ್ಸಿಕೋದಾಗ, ತಲಿತಲಾಂತರದಿಂದ ಮಾಡ್ತಾರ. ನಾಚೋಸ್ ಅಂತೂ 1940ರ ಸುಮಾರಿಗೆ ಗಡಿ ಊರು ಪಿಯೆದ್ರಾಸ್ ನೆಗ್ರಾಸಿನಾಗ ಇಗ್ನಾಸಿಯೋ ಅನಾಯಾ ಅನ್ನಾಂವ ಚೀಸ್ ಹಾಕೇ ಹುಟ್ಟಿಸಿದ್ದು. ಸಾಮಾನಿನ ಯಾದಿ ಹಿಡಕೊಂಡು ಶುದ್ಧ-ಮೈಲಿಗಿ ನೋಡಿದ್ರ ಒಂದೂ ಉಳಿಯೂದಿಲ್ಲ. ಉಳಿಯೋದು ಆ ಸುಣ್ಣದ ಹಿಟ್ಟು ಒಂದೇ. ನನ್ನ ಮಟ್ಟಿಗೆ ಖರೇತನ ಇರೋದು ಅದರಾಗ.

ಹಂಗಂತ ಆ ಹಿಟ್ಟಿಗೂ ಸುಖಾ ಇದ್ದಿಲ್ಲ. 1899ರಾಗ ಫ್ರಾನ್ಸಿಸ್ಕೋ ಬುಲ್ನೆಸ್ ಅನ್ನೋ ಮೆಕ್ಸಿಕೋದ ರಾಜಕಾರಣಿನೇ ಜಗತ್ತಿನ ಜನರನ್ನ ಗೋಧಿಯವರು, ಅಕ್ಕಿಯವರು, ಗೋವಿನಜ್ವಾಳದವರು ಅಂತ ಮೂರು ಭಾಗ ಮಾಡಿ, ನಮ್ಮ ಮೂಲನಿವಾಸಿಗಳು ಹಿಂದ ಬಿದ್ದದ್ದು ಗೋವಿನಜ್ವಾಳದಿಂದ ಅಂತ ಬರದ. ದೊಡ್ಡವರ ಮನ್ಯಾಗ ಗೋಧಿ ಬ್ರೆಡ್ಡು, ಬಡವರ ಮನ್ಯಾಗ ತೊರ್ತಿಯಾ. ಅದೇ ತೊರ್ತಿಯಾ ಈಗ ಹೆಮ್ಮಿ. 2010ರಾಗ ಯುನೆಸ್ಕೋ ಮೆಕ್ಸಿಕೋದ ಸಾಂಪ್ರದಾಯಿಕ ಅಡಗಿನ್ನ, ಮಿಚೋಆಕಾನ್ ರಾಜ್ಯದ ಹೆಣ್ಮಕ್ಕಳ ಅಡಗಿನ್ನ ಮಾದರಿ ಇಟ್ಟುಕೊಂಡು, ಪಾರಂಪರಿಕ ಸಂಪತ್ತಿನ ಪಟ್ಟಿಗೆ ಸೇರಿಸ್ತು.

ಆ ಪಟ್ಟ್ಯಾಗ ಬೀಸೋಕಲ್ಲಿನ ಮಾತೂ ಅದ. ಮೆತಾತೆ ಅಂತ ಅದಕ್ಕ. ನಮ್ಮ ಗುಂಡನ ಬೀಸೋಕಲ್ಲಿನ ಹಂಗಲ್ಲ, ಮೂರು ಕಾಲಿನ ಇಳಿಜಾರು ಕಲ್ಲು. ಮಣಕಾಲೂರಿ ಕುಂತು ಕಲ್ಲಿನ ಗುಂಡು ಹಿಂದ ಮುಂದ ಉಜ್ಜಬೇಕು. ಮಾಸಾ ರಾತ್ರಿಗೆ ಹುಳಿ ಬರ್ತದ, ಬೀಸಿ ಇಡಲಿಕ್ಕೆ ಬರೂದಿಲ್ಲ, ದಿನಾ ಬೀಸಬೇಕು. ದೊಡ್ಡ ಮನೆತನ ಇದ್ರ ದಿನಕ್ಕ ನಾಲ್ಕೈದು ತಾಸು. ನಸುಕಿನಾಗೇ ಏಳಬೇಕು. ಹಳೇ ಹೆಣಗಳ ಎಲುಬಿನಾಗ ಸುದ್ದಾ ಮಣಕಾಲು ಸವದ ಗುರುತು ಸಿಗ್ತಾವ.

ಮೆಕ್ಸಿಕೋ ಸಿಟಿ ಹತ್ರ ತೆಪೋಸ್ತ್ಲಾನ್ ಅಂತ ಒಂದು ಹಳ್ಳಿ. 1920ರ ದಶಕದಾಗ ಅಲ್ಲೆ ಹಸಿ ಹಿಟ್ಟಿನ ಗಿರಣಿ ಬಂತು. ಗಂಡಸರು ಒಪ್ಪಲಿಲ್ಲ, ಗಿರಣಿ ಹಿಟ್ಟಿಗೆ ರುಚಿ ಇಲ್ಲ ಅಂದ್ರು. ಒಳಗಿನ ಮಾತು ಬ್ಯಾರೆ: ಹೆಂಡತಿಗೆ ಬಿಡುವು ಸಿಕ್ರ ಆಕಿ ಎಲ್ಲಿ ಅಡ್ಡಾಡ್ತಾಳೋ ಅನ್ನೋ ಚಿಂತಿ. ಮೊದಲನೇ ಗಿರಣಿ ಮುಚ್ಚಿತು. ಎರಡು ವರ್ಷ ಬಿಟ್ಟು ಇನ್ನೊಂದು ಬಂತು, ಹೆಣ್ಮಕ್ಕಳು ಕೇಳದಂಗ ಬುಟ್ಟಿ ಹೊತ್ತು ಹೊಂಟೇ ಬಿಟ್ರು. ಆಸ್ಕರ್ ಲೂಯಿಸ್ ಅನ್ನೋ ಮಾನವಶಾಸ್ತ್ರಜ್ಞ ಆ ಊರಾಗ ಇದ್ದು ಇದನ್ನೆಲ್ಲಾ ಬರದಿಟ್ಟಾನ. ನನಗ ನಮ್ಮ ಅಜ್ಜನ ನೆನಪಾತು. ಊರಿಗೆ ಗಿರಣಿ ಬಂದು ಎಷ್ಟು ವರ್ಷಾದ್ರೂ "ಗಿರಣಿ ಹಿಟ್ಟು ಸುಟ್ಟ ವಾಸನಿ ಬರ್ತದ" ಅಂತ ಮಾರಿ ಸೊಟ್ಟ ಮಾಡ್ತಿದ್ದ. ನಮ್ಮ ಆಯಿ ಒಂದಿನ "ಹಂಗಾರ ನೀವೇ ಬೀಸ್ರಿ" ಅಂದ್ಲಂತ. ಮುಂದ ಆ ವಾಸನಿ ಬರಲಿಲ್ಲ.

ಅದಕ್ಕ, ಮೆತಾತೆದಾಗ ಬೀಸಿದ್ದೇ ಖರೇ ಅಂತ ಯಾರಾದ್ರೂ ಅಂದ್ರ ನಾನು ಒಪ್ಪೂದಿಲ್ಲ. 1949ರಾಗ ನ್ವೆವೋ ಲಿಯೋನ್ ರಾಜ್ಯದಾಗ ಮಸೇಕಾ ಅನ್ನೋ ಒಣ ಪುಡಿ ಹುಟ್ಟಿತು, ನೀರು ಹಾಕಿ ನಾದಿದ್ರ ಆತು. ಅದರಾಗೂ ಸುಣ್ಣ ಅದ. ಅಂಗಡಿ ಮಸಾಲಿ ಖಾರದ್ಹಂಗ ಅದು. ಖೊಟ್ಟಿ ಅಲ್ಲ, ಆದ್ರ ಮನಿದರ ಘಮಾ ಇಲ್ಲ.

ಎಲ್ಲೆ ಸಿಗ್ತದ ಅಂದ್ರ, ಮೆಕ್ಸಿಕೋದಾಗ ಓಣಿಗೊಂದು ತೊರ್ತಿಯೇರಿಯಾ ಇರ್ತದ. ಕಿಲೋ ಲೆಕ್ಕದಾಗ ಮಾರ್ತಾರ, ಮಧ್ಯಾಹ್ನದ ಊಟದ ಹೊತ್ತಿಗೆ ಮಂದಿ ಅರಬಿ ಹಿಡಕೊಂಡು ಪಾಳಿ ಹಚ್ತಾರ. ಎಲ್ಲಾದರಾಗೂ ನಿಕ್ಸ್ತಮಾಲ್ ಇರೂದಿಲ್ಲ, ಭಾಳ ಕಡೆ ಪುಡೀನೇ. ಸಂತಿ ಬಾಜೂಕ, ಮೆಟ್ರೋ ಸ್ಟೇಷನ್ ಬಾಗಲದಾಗ ಹಳ್ಳಿ ಹೆಣ್ಮಕ್ಕಳು ನೀಲಿ ಗೋವಿನಜ್ವಾಳದ ತ್ಲಾಕೋಯೋ ಬುಟ್ಟ್ಯಾಗ ಇಟ್ಟುಕೊಂಡು ಕುಂತಿರ್ತಾರಂತ. ಒಆಹಾಕಾದ ಸಂತ್ಯಾಗ ತಾಟಿನಷ್ಟು ಅಗಲದ ತ್ಲಾಯೂದಾ. ನಾನು ಅಲ್ಲಿತನಕ ಹೋಗಿಲ್ಲ, ವೀಸಾ ಇದ್ದಿಲ್ಲ. ಅಮೆರಿಕದಾಗ ಆದ್ರ ಹಲಗಿ ಮ್ಯಾಲ "ಮೊಲಿನೋ" ಅಂತ ಬರದದೇನು ನೋಡ್ರಿ, ಗಿರಣಿ ಅಂತ ಅರ್ಥ. ಮುಂಜಾನೆ ಹೋಗಿ ಬಾಗಲದಾಗ ನಿಂತು ಮೂಗು ಎಳದು ನೋಡ್ರಿ. ಒದ್ದಿ ಸುಣ್ಣದ ವಾಸನಿ ಬಂದ್ರ ಒಳಗ ಹೋಗ್ರಿ. ಹಿಟ್ಟು ಎಲ್ಲಿಂದು ಅಂತ ಕೇಳ್ರಿ, ಪಲ್ಯಾದ ಮಾತು ಆಮ್ಯಾಲ.

ಧಾರವಾಡಕ್ಕ ಬಂದ ಮ್ಯಾಲ ನಾನೂ ಮಾಡಿ ನೋಡಿದೆ. ಅರ್ಧ ಕಿಲೋ ಗೋವಿನಜ್ವಾಳ, ಒಂದು ಚಮಚಾದಷ್ಟು ಪಾನಪಟ್ಟಿ ಸುಣ್ಣ. ಮುಂಜಾನೆ ಸಿಪ್ಪಿ ಹಂಗೇ ಜಾರಿ ಬಂತು, ನನಗ ಕುಣಿಯೋವಷ್ಟು ಖುಷಿ. ತೊಳದು ಡಬ್ಬಿ ತುಂಬಿ ಗಿರಣಿಗೆ ಒಯ್ದೆ. ಗಿರಣಿಯಾಂವ ಮುಚ್ಚಳಾ ತಗದು ನೋಡಿ, "ಅಕ್ಕಾರ, ಹಸಿ ಕಾಳು ಹಾಕಿದ್ರ ನನ್ನ ಕಲ್ಲು ಕಟ್ಟತದ್ರೀ" ಅಂತ ವಾಪಸ್ ಕಳಿಸಿದ. ಮಿಕ್ಸರಿನಾಗ ಹಾಕಿದ್ರ ನೀರಿಲ್ಲದ ತಿರಗವಲ್ತು, ನೀರು ಹಾಕಿದ್ರ ದೋಸಿ ಹಿಟ್ಟಾತು. ಕಡೀಕ ಹಿತ್ತಲದಾಗ ತುಳಸಿ ಕಟ್ಟಿ ಹಿಂದ ಬಿದ್ದಿದ್ದ ಆಯಿ ಕಾಲದ ಒಳ್ಳು ತೊಳದು ರುಬ್ಬಲಿಕ್ಕೆ ಕುಂತೆ. ಇಪ್ಪತ್ತು ನಿಮಿಷಕ್ಕ ರಟ್ಟಿ ಹಿಡಕೊಂಡ್ವು. ನಾಲ್ಕು ತೊರ್ತಿಯಾದಷ್ಟು ಹಿಟ್ಟು ಆತು. ನಾಲ್ಕೂ ಉಬ್ಬಿದ್ವು. ಉಳದ ಕಾಳು ಇವರಿಗೆ ಉಸಳಿ ಮಾಡಿ ಹಾಕಿದೆ.